ನಕ್ಷೆಯನ್ನು ಗೋಡೆಯಿಂದ ಕೆಳಗಿಳಿಸಿದ ಮೇಲೆ

ಆರೇಳು ವರ್ಷದ ಮಕ್ಕಳಿಗೆ ನಾನು ಭೂಗೋಳಕ್ಕೊಂದು, ಪೌರನೀತಿಗೊಂದು ಅಂತ ಬೇರೆ ಬೇರೆ ಪಿರಿಯಡ್ ಇಡುವುದಿಲ್ಲ. ಎರಡಕ್ಕೂ ಒಂದೇ ಸಾಮಾನು ಸಾಕು: ಮಕ್ಕಳೇ ಬರೆದ ಶಾಲೆಯ ನಕ್ಷೆ. ಯಾವುದು ಎಲ್ಲಿದೆ ಅಂತ ಕೇಳಿದರೆ ಭೂಗೋಳ. ಅಲ್ಲಿಗೆ ಯಾರಿಗೆ ಹೋಗೋಕೆ ಆಗ್ತಿಲ್ಲ, ಯಾಕೆ ಆಗ್ತಿಲ್ಲ ಅಂತ ಕೇಳಿದರೆ ಪೌರನೀತಿ. ಬಾವುಟ, ರಾಜಧಾನಿಗಳ ಪಟ್ಟಿ ಬಾಯಿಪಾಠ ಮಾಡಿಸುವ ಗೋಜಿಗೆ ನಾನು ಹೋಗುವುದಿಲ್ಲ. ಅದು ಮುಂದೆ ಹೇಗೂ ಬರುತ್ತದೆ.

ಮೊದಲು ಮೇಲಿನಿಂದ ನೋಡುವುದು ಬರಬೇಕು. ಮೇಜು ಬರೆಯಿರಿ ಅಂದರೆ ಮಕ್ಕಳು ನಾಲ್ಕೂ ಕಾಲು ಬರೆಯುತ್ತಾರೆ. ಕಾಲಿಲ್ಲದ ಮೇಜು ಯಾವ ಮೇಜು, ಅಲ್ವಾ? ಹಾಗಾಗಿ ಹಾಳೆಯ ಮೇಲೆ ಲೋಟ, ಡಬ್ಬಿ, ಚಪ್ಪಲಿ ಇಡಿಸಿ, ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆಸುತ್ತೇನೆ. ಸಾಮಾನು ಎತ್ತಿದ ಮೇಲೆ ಉಳಿಯುವ ಗೆರೆ ಯಾವುದರದ್ದು ಅಂತ ಇನ್ನೊಂದು ಗುಂಪು ಹೇಳಬೇಕು. ಲೋಟ, ದುಂಡನೆ ಡಬ್ಬಿ ಎರಡೂ ಒಂದೇ ಥರ ಕಾಣುತ್ತವೆ ಅಂತ ಜಗಳ ಶುರುವಾಗುತ್ತದೆ. ಆಗ ನಕ್ಷೆಗೆ ಚಿಹ್ನೆ, ಸೂಚಿ ಯಾಕೆ ಬೇಕು ಅಂತ ನಾನು ಹೇಳಬೇಕಾಗಿಯೇ ಇಲ್ಲ.

ಮಕ್ಕಳ ಯೋಚನೆಯ ಬಗ್ಗೆ ಅಧ್ಯಯನ ಮಾಡಿದ ಸ್ವಿಸ್ ಮನಶ್ಶಾಸ್ತ್ರಜ್ಞರಾದ ಜೀನ್ ಪಿಯಾಜೆ ಮತ್ತು ಬಾರ್ಬೆಲ್ ಇನ್ಹೆಲ್ಡರ್ ಮೂರು ಬೆಟ್ಟದ ಮಾದರಿಯೊಂದನ್ನು ಮೇಜಿನ ಮೇಲಿಟ್ಟು, ಬೇರೆ ಕಡೆ ಇರುವ ಗೊಂಬೆಗೆ ಏನು ಕಾಣುತ್ತದೆ ಅಂತ ಮಕ್ಕಳನ್ನು ಕೇಳಿದ್ದರು. ಚಿಕ್ಕವರು ತಮಗೆ ಕಾಣುವುದನ್ನೇ ತೋರಿಸಿದರು. ಆದರೆ 1970ರ ದಶಕದಲ್ಲಿ ಮಾರ್ಟಿನ್ ಹ್ಯೂಸ್ ಅನ್ನುವ ಇನ್ನೊಬ್ಬ ಸಂಶೋಧಕರು ಆಟ ಬದಲಿಸಿದರು. ಪೊಲೀಸ್ ಗೊಂಬೆಗೆ ಕಾಣದ ಹಾಗೆ ಹುಡುಗನ ಗೊಂಬೆಯನ್ನು ಬಚ್ಚಿಡಬೇಕಿತ್ತು. ಶಾಲೆ ಮೆಟ್ಟಿಲು ಹತ್ತದ ಮಕ್ಕಳೂ ಸರಿಯಾಗಿ ಬಚ್ಚಿಟ್ಟರು. ಬಚ್ಚಿಡುವುದು ಅಂದರೆ ಏನು ಅಂತ ಅವರಿಗೆ ಗೊತ್ತಿತ್ತು. ನನ್ನ ತರಗತಿಯಲ್ಲೂ ನಕ್ಷೆ ಓದುವುದು ಬಂದದ್ದು ಬಚ್ಚಿಡುವ ಆಟದಿಂದಲೇ. ಒಂದು ಗುಂಪು ಚೆಂಡು ಬಚ್ಚಿಟ್ಟು ತರಗತಿಯ ನಕ್ಷೆಯಲ್ಲಿ ಗುರುತು ಹಾಕುತ್ತದೆ, ಇನ್ನೊಂದು ಗುಂಪು ನಕ್ಷೆ ಹಿಡಿದು ಹುಡುಕುತ್ತದೆ. ಚೆಂಡು ಸಿಗದಿದ್ದರೆ ತಪ್ಪು ನಕ್ಷೆ ಬರೆದವರದ್ದೋ ಓದಿದವರದ್ದೋ ಅಂತ ಅವರೇ ಕೂತು ಬಗೆಹರಿಸುತ್ತಾರೆ.

ನಕ್ಷೆ ಮಾತ್ರ ನೆಲದ ಮೇಲೇ ಇರಬೇಕು. ಈ ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ. ಗೋಡೆಗೆ ನೇತುಹಾಕಿದರೆ ಉತ್ತರ ಅಂದರೆ ಮೇಲೆ, ಆಕಾಶದ ಕಡೆ ಅಂತ ಮಕ್ಕಳ ತಲೆಯಲ್ಲಿ ಕೂತುಬಿಡುತ್ತದೆ. ನೈಲ್ ನದಿ ಉತ್ತರಕ್ಕೆ ಹರಿಯುತ್ತದೆ ಅಂದಾಗ ಒಬ್ಬಳು ‘ನೀರು ಮೇಲಕ್ಕೆ ಹೇಗೆ ಹತ್ತುತ್ತೆ ಟೀಚರ್?’ ಅಂದಳು. ಅವತ್ತೇ ನಕ್ಷೆ ಕೆಳಗಿಳಿಯಿತು. ನೆಲದ ಮೇಲೆ ಹಾಸಿ, ದಿಕ್ಸೂಚಿ ಇಟ್ಟು, ನಕ್ಷೆಯ ಉತ್ತರ ನಿಜವಾದ ಉತ್ತರಕ್ಕೆ ಬರುವ ಹಾಗೆ ತಿರುಗಿಸಿದರೆ ಆಯ್ತು. ನೆರಳು ನೋಡಿ ದಿಕ್ಕು ಹೇಳಿಕೊಡುವವರಿಗೆ ಒಂದು ಮಾತು: ನಡುಹಗಲಿನ ನೆರಳು ಎಲ್ಲ ಕಡೆಯೂ ಉತ್ತರಕ್ಕೇ ಬೀಳುವುದಿಲ್ಲ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಊರುಗಳಲ್ಲಿ ವರ್ಷದ ಕೆಲವು ಕಾಲ ಉತ್ತರಕ್ಕೆ, ಕೆಲವು ಕಾಲ ದಕ್ಷಿಣಕ್ಕೆ ಬೀಳುತ್ತದೆ. ಸೂರ್ಯ ಸರಿಯಾಗಿ ಪೂರ್ವದಲ್ಲಿ ಹುಟ್ಟುವುದೂ ಮಾರ್ಚ್ ಮತ್ತು ಸೆಪ್ಟೆಂಬರ್‌ನ ಸಮರಾತ್ರಿಯ, ಅಂದರೆ ಹಗಲು ರಾತ್ರಿ ಹೆಚ್ಚುಕಮ್ಮಿ ಸಮ ಇರುವ ದಿನದ, ಹೊತ್ತಿಗೆ ಮಾತ್ರ.

ಊರು, ದೇಶ, ಪ್ರಪಂಚ ಒಂದರೊಳಗೊಂದು ಇರುವುದು ಈ ವಯಸ್ಸಿಗೆ ನಿಜಕ್ಕೂ ಕಷ್ಟ. 1951ರಲ್ಲಿ ಪಿಯಾಜೆ ಮತ್ತು ಆನ್-ಮಾರಿ ವೇಲ್ ಪ್ರಕಟಿಸಿದ ಅಧ್ಯಯನದಲ್ಲಿ, ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಚಿಕ್ಕ ಮಕ್ಕಳು ‘ನಾನು ಜಿನೀವಾದವನು, ಹಾಗಾಗಿ ಸ್ವಿಸ್ ಅಲ್ಲ’ ಅನ್ನುವ ಅರ್ಥದಲ್ಲಿ ಉತ್ತರಿಸಿದ್ದರು. ನಾನು ಮೈದಾನದಲ್ಲಿ ಹಗ್ಗದಿಂದ ಒಂದರ ಹೊರಗೆ ಒಂದು ವೃತ್ತ ಮಾಡುತ್ತೇನೆ. ನಡುವಿನದು ಊರು, ಆಚೆಯದು ದೇಶ, ಅದರಾಚೆ ಪ್ರಪಂಚ. ನಡುವೆ ನಿಂತ ಮಗುವನ್ನು ‘ನೀನು ದೇಶದ ಹಗ್ಗದ ಒಳಗಿದ್ದೀಯೋ ಹೊರಗೋ?’ ಅಂತ ಕೇಳುತ್ತೇನೆ. ಕೆಲವರು ದೇಶದೊಳಗೆ ಬರಬೇಕು ಅಂತ ಊರಿನ ಹಗ್ಗ ದಾಟಿ ಆಚೆ ನಿಲ್ಲುತ್ತಾರೆ! ಆಗ ಬಾಯಿಮಾತಲ್ಲಿ ತಿದ್ದುವ ಬದಲು, ಸುತ್ತ ನಿಂತವರು ಎಣಿಸಲಿ ಅಂತ ಬಿಡುತ್ತೇನೆ: ಇವನ ಸುತ್ತ ಎಷ್ಟು ಹಗ್ಗ ಇದೆ?

ಶಾಲೆಯ ದೊಡ್ಡ ನಕ್ಷೆ ಮುಗಿದ ಮೇಲೆ ಪ್ರತಿ ಮಗುವಿಗೂ ಹಸಿರು, ಕೆಂಪು ಚುಕ್ಕೆ ಕೊಡುತ್ತೇನೆ. ಇಷ್ಟದ ಜಾಗಕ್ಕೆ ಹಸಿರು, ಭಯವಾಗುವ ಇಲ್ಲವೇ ಹೋಗಲಾಗದ ಜಾಗಕ್ಕೆ ಕೆಂಪು. ಬಾಯಿಬಿಡದ ಮಕ್ಕಳೂ ಚುಕ್ಕೆ ಅಂಟಿಸುತ್ತಾರೆ. ಕೆಂಪು ಜಾಸ್ತಿ ಬಿದ್ದದ್ದು ಶೌಚಾಲಯದ ದಾರಿಯಲ್ಲಿ. ಬಿಡುವಿನಲ್ಲಿ ದೊಡ್ಡ ತರಗತಿಯವರು ಅಲ್ಲಿ ಓಡುತ್ತಾ ಚಿಕ್ಕವರನ್ನು ತಳ್ಳುತ್ತಿದ್ದರಂತೆ. ಮೈದಾನದ ನಡುವೆಯೂ ಸಾಕಷ್ಟು ಕೆಂಪು ಇತ್ತು. ಅಲ್ಲಿ ಸದಾ ಫುಟ್‌ಬಾಲ್.

ಮೈದಾನದ ವಿಷಯಕ್ಕೆ ಮಕ್ಕಳು ವೋಟ್ ಹಾಕೋಣ ಅಂದರು. ಹಾಕಿದರು, ಫುಟ್‌ಬಾಲ್ ಗೆದ್ದಿತು. ಮಾರನೇ ವಾರವೂ ಅದೇ ಗೆದ್ದಿತು. ಸೋತವರು ಪ್ರತಿ ಸಲ ಅವರೇ. ‘ಹಿಂಗಾದ್ರೆ ನಮ್ದು ಯಾವತ್ತೂ ಬರಲ್ಲ’ ಅಂತ ಒಬ್ಬ ಹೇಳಿದ ಮೇಲೆ ವೋಟ್ ಬಿಟ್ಟು ಸರದಿ ಬಂತು. ನನ್ನ ಮಟ್ಟಿಗೆ ಇಡೀ ವರ್ಷದ ಒಳ್ಳೆಯ ಪಾಠ ಅದೇ. ಇನ್ನು ಶೌಚಾಲಯದ ದಾರಿಗೆ ನಾನೇ ವೋಟ್ ಬೇಡ ಅಂದೆ. ಎಲ್ಲರಿಗೂ ಬೇಕೇ ಬೇಕಾದ್ದನ್ನು ಕೈ ಎತ್ತಿಸಿ ತೀರ್ಮಾನ ಮಾಡುವುದು ಹೇಗೆ?

ಅದಕ್ಕೆ ಮುಖ್ಯ ಶಿಕ್ಷಕರಿಗೆ ಪತ್ರ ಬರೆದೆವು, ಜೊತೆಗೆ ನಕ್ಷೆ. ಆದರೆ ಪತ್ರ ಬರೆಸುವ ಮುಂಚೆಯೇ ನಾನು ಹೋಗಿ, ಉತ್ತರ ಕೊಡುತ್ತೀರಾ ಅಂತ ಕೇಳಿಕೊಂಡು ಬಂದಿದ್ದೆ. ‘ಆಗಲ್ಲ’ ಅಂದರೂ ಸರಿ, ಕಾರಣ ಹೇಳಬೇಕು. ಉತ್ತರ ಬರುವ ಖಾತರಿ ಇಲ್ಲದಿದ್ದರೆ ಈ ಪಾಠ ಮಾಡದಿರುವುದೇ ವಾಸಿ. ಕೇಳಿದರೂ ಏನೂ ಆಗುವುದಿಲ್ಲ ಅಂತ ಮಕ್ಕಳು ಬೇಗ ಕಲಿತುಬಿಡುತ್ತಾರೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುವುದೂ ಬರೀ ಮಾತಾಡಲು ಬಿಡಿ ಅಂತಲ್ಲ. ಮಗುವಿನ ವಯಸ್ಸು, ತಿಳಿವಳಿಕೆಗೆ ತಕ್ಕ ಹಾಗೆ ಆ ಮಾತಿಗೆ ಬೆಲೆ ಕೊಡಬೇಕು ಅನ್ನುತ್ತದೆ.

ಮಕ್ಕಳು ಕೇಳಿದ್ದು ಬೇರೆ ಶೌಚಾಲಯ. ಅದು ಆಗಲಿಲ್ಲ, ಯಾಕೆ ಅಂತ ಮುಖ್ಯ ಶಿಕ್ಷಕರೇ ತರಗತಿಗೆ ಬಂದು ಹೇಳಿದರು. ಅದರ ಬದಲು ಚಿಕ್ಕವರ ಬಿಡುವನ್ನು ಸ್ವಲ್ಪ ಮುಂಚೆ ಮಾಡಿದರು. ಆಮೇಲೆ ಚುಕ್ಕೆ ಅಂಟಿಸಿದಾಗ ಆ ದಾರಿಯಲ್ಲಿ ಕೆಂಪು ಕಡಿಮೆಯಾಗಿತ್ತು. ಆದರೆ ಗೇಟಿನ ಹತ್ತಿರ ಹೊಸದಾಗಿ ಕೆಂಪು ಬಂದಿದೆ. ಮನೆಗೆ ಬಿಡುವ ಹೊತ್ತಿಗೆ ಅಲ್ಲಿ ಗಾಡಿಗಳ ನೂಕುನುಗ್ಗಲು. ಮುಂದಿನ ಪತ್ರ ಯಾರಿಗೆ ಬರೆಯಬೇಕು, ಗೇಟಿನ ಆಚೆಯ ರಸ್ತೆ ಯಾರದ್ದು ಅಂತ ಈಗ ವಿಚಾರಿಸುತ್ತಿದ್ದೇವೆ.