ಕೈ ಕಟ್ಟಿ ಕೂತ ಮೇಲೆ ನಡೆದ ಸೇವೆ: ಕಿಸುಮುವಿನ ಕಿವುಡರ ಜೊತೆ ನನ್ನ ಅನುಭವ

"ಸೈನ್ ಗೊತ್ತಿರೋ ನೀನು ಸುಮ್ನೆ ಕೂರ್ತೀಯ, ಓದು ಬಾರದ ಟೈಲರ್ ಸುವಾರ್ತೆ ಹೇಳ್ತಾನೆ. ಇದಕ್ಕೆ ಸಭೆಯ ದುಡ್ಡು ಬೇರೆ ಕೊಡಬೇಕಾ?"

2018ರಲ್ಲಿ ನಮ್ಮ ಸಭೆಯ, ಅಂದರೆ ನಮ್ಮ ಚರ್ಚಿನ, ಹಿರಿಯರೊಬ್ಬರು ಕಮಿಟಿಯಲ್ಲಿ ಎಲ್ಲರ ಎದುರಿಗೆ ಹೇಳಿದ ಮಾತು ಇದು. ಸೈನ್ ಅಂದರೆ ಕಿವುಡರ ಕೈಸನ್ನೆಯ ಭಾಷೆ. ಇವತ್ತು ಕೀನ್ಯಾದ ಕಿಸುಮು ಊರಲ್ಲೂ ಸುತ್ತಮುತ್ತಲೂ ಮೂರು ಕಡೆ ಕಿವುಡರ ಕೂಟ ನಡೆಯುತ್ತಿದೆ. ನಾನು ಅಲ್ಲಿಲ್ಲ. ಬೆಂಗಳೂರಿನಿಂದ ತಿಂಗಳ ಖರ್ಚಿಗೆ ಒಂದು ರೂಪಾಯಿಯೂ ಹೋಗುತ್ತಿಲ್ಲ. ಹಾಗಾಗಿ ಈಗ ಬರೆಯುವ ಧೈರ್ಯ ಬಂದಿದೆ. ಸ್ವಲ್ಪ ಜಂಬವೂ ಇದೆ, ಇರಲಿ ಬಿಡಿ.

ಕಿವುಡರ ಸೇವೆಯಲ್ಲಿ ಈಗಾಗಲೇ ಇರುವವರಿಗೆ ಇದನ್ನು ಬರೆಯುತ್ತಿದ್ದೇನೆ. ದೇಶಕ್ಕೊಂದು ಸೈನ್ ಭಾಷೆ ಯಾಕೆ ಅನ್ನುವುದನ್ನೆಲ್ಲ ಇಲ್ಲಿ ಬಿಡಿಸುವುದಿಲ್ಲ.

ನನ್ನ ಅಪ್ಪ ಅಮ್ಮ ಇಬ್ಬರೂ ಕಿವುಡರು. ಲಿಂಗರಾಜಪುರದ ಎರಡು ಕೋಣೆಯ ಮನೆಯಲ್ಲಿ ನನಗೆ ಬಾಯಿಗಿಂತ ಮೊದಲು ಕೈ ಬಂತು. ಹತ್ತು ವರ್ಷ ಭಾನುವಾರದ ಆರಾಧನೆಯಲ್ಲಿ ಪಾಸ್ಟರ್ ಅಯ್ಯನವರ ಪಕ್ಕ ನಿಂತು ಅವರ ಪ್ರಸಂಗವನ್ನು, ಅಂದರೆ ಪ್ರವಚನವನ್ನು, ಸೈನ್ ಮಾಡಿದ್ದೇನೆ. ಮುಂದಿನ ಬೆಂಚಿನಲ್ಲಿ ಎಂಟು ಜನ ಕಿವುಡರು ಕೂರುತ್ತಿದ್ದರು. ಅದರಲ್ಲಿ ನಾಲ್ವರಿಗೆ ನಿದ್ದೆ. ತಪ್ಪು ಅವರದು ಅಂದುಕೊಂಡಿದ್ದೆ.

ಕೀನ್ಯಾಕ್ಕೆ ದಾರಿ ಸಿಕ್ಕಿದ್ದು ಕಮ್ಮನಹಳ್ಳಿಯಲ್ಲಿ. ಅಲ್ಲಿ ರೂಮು ಮಾಡಿಕೊಂಡಿದ್ದ ಒಬ್ಬ ಕೀನ್ಯಾದ ಹುಡುಗ ನಮ್ಮ ಸಭೆಗೆ ಬರುತ್ತಿದ್ದ. ನಾನು ಸೈನ್ ಮಾಡುವುದನ್ನು ನೋಡಿ, "ಅಣ್ಣಾ, ನನ್ನ ತಂಗಿಗೂ ಕಿವಿ ಕೇಳಲ್ಲ. ನಮ್ಮೂರಲ್ಲಿ ಅಂಥವರು ತುಂಬಾ ಜನ ಇದ್ದಾರೆ. ಚರ್ಚಲ್ಲಿ ಹಿಂದೆ ಕೂತು ಎದ್ದು ಹೋಗ್ತಾರೆ," ಅಂದ. ಅಷ್ಟೇ ಸಾಕಾಯಿತು.

2016ರಲ್ಲಿ ಹೋದ ಮೊದಲ ಸಲದ್ದು ಪೂರ್ತಿ ಸೋಲು. ಇಲ್ಲೇ ಸ್ಟುಡಿಯೋ ಹಿಡಿದು ನಮ್ಮ ಭಾರತೀಯ ಸೈನಿನಲ್ಲಿ ಹನ್ನೆರಡು ವಿಡಿಯೋ ಮಾಡಿಸಿಕೊಂಡು ಹೋಗಿದ್ದೆ. ಅದಕ್ಕೆ ಹತ್ತಿರ ಹತ್ತಿರ 90 ಸಾವಿರ. ಪ್ರೊಜೆಕ್ಟರ್ 38 ಸಾವಿರ. ವಿಮಾನ ಹೋಗಿ ಬರಲು 50 ಸಾವಿರದ ಮೇಲೆ. ಅಲ್ಲಿನ ಬಾಡಿಗೆ, ಊಟ, ಓಡಾಟ, ಹಳದಿ ಜ್ವರದ ಲಸಿಕೆ, ವೀಸಾ ಎಲ್ಲ ಸೇರಿ ಮೂರು ಲಕ್ಷದ ಹತ್ತಿರ ಖರ್ಚಾಯಿತು. ನಮ್ಮ ವಿಡಿಯೋಗಳನ್ನು ಅವರು ಪರದೇಶದ ಕುಣಿತ ನೋಡುವ ಹಾಗೆ ಮರ್ಯಾದೆಯಿಂದ ನೋಡಿದರು. ಕೊನೆಯಲ್ಲಿ ಎಲ್ಲರೂ ಎರಡೂ ಕೈ ಎತ್ತಿ ಅಲ್ಲಾಡಿಸಿದರು. ಕಿವುಡರ ಚಪ್ಪಾಳೆ ಅಲ್ವಾ, ನಾನು ಹಿಗ್ಗಿದೆ. ಮಾರನೇ ದಿನ ಒಬ್ಬ ಹೆಂಗಸನ್ನು "ನಿನ್ನೆ ಏನು ನೋಡಿದಿರಿ?" ಅಂತ ಕೇಳಿದರೆ, "ಗಡ್ಡದವನು ಮೀನು ಮಾರಿದ" ಅಂದಳು. ಅದು ಯೇಸು ಐದು ರೊಟ್ಟಿ ಎರಡು ಮೀನಿನಿಂದ ಸಾವಿರಾರು ಜನರಿಗೆ ಉಣಿಸಿದ ಕಥೆ.

ಅಕ್ಷರ ಮಾಡಿ ತೋರಿಸೋಣ ಅಂದರೆ ಅದೂ ಕೆಡುತ್ತಿತ್ತು. ನಮ್ಮದು ಎರಡು ಕೈಯ ಅಕ್ಷರ, ಬ್ರಿಟಿಷರ ಕಡೆಯಿಂದ ಬಂದದ್ದು. ಅವರದು ಒಂದೇ ಕೈ, ಅಮೆರಿಕದ ಕಡೆಯದು. ನಮ್ಮಲ್ಲಿ ದಿನಾ ಮಾಡುವ ಒಂದು ಸೈನ್ ಅಲ್ಲಿ ಕೆಟ್ಟ ಬೈಗುಳ ಅಂತ ಬೇರೆ ಗೊತ್ತಾಯಿತು. ಗೊತ್ತಾಗುವಷ್ಟರಲ್ಲಿ ಒಬ್ಬ ಪಾಸ್ಟರ್ ಹೆಂಡತಿಗೆ ಅದನ್ನು ಮೂರು ಸಲ ಮಾಡಿಯಾಗಿತ್ತು.

ಇನ್ನು ಬೆಳಕು. ಕಿಸುಮು ಭೂಮಧ್ಯರೇಖೆಯ ಪಕ್ಕದ ಊರು. ವರ್ಷವಿಡೀ ಸಂಜೆ ಆರೂವರೆ ಏಳರೊಳಗೆ ಕತ್ತಲು. ಕರೆಂಟು ಹೋದರೆ ಕೇಳುವವರ ಕೂಟದಲ್ಲಿ ಹಾಡು ನಿಲ್ಲುವುದಿಲ್ಲ. ನಮ್ಮದರಲ್ಲಿ ಒಂದೇ ಸಲಕ್ಕೆ ಇಪ್ಪತ್ತು ಜನರ ಮಾತು ನಿಂತುಹೋಗುತ್ತದೆ. ಒಂದು ಸಲ ಹಾಗೆ ಕತ್ತಲಾದಾಗ ಪಕ್ಕದ ಹುಡುಗ ನನ್ನ ಅಂಗೈ ಹಿಡಿದು ಅದರ ಮೇಲೆ ಬೆರಳಿಂದ "ಮನೆಗೆ?" ಅಂತ ಬರೆದ. ಇಡೀ ಎರಡು ತಿಂಗಳಲ್ಲಿ ನನಗೆ ಪೂರ್ತಿ ಅರ್ಥವಾದ ಸಂಭಾಷಣೆ ಅದೊಂದೇ.

ವಾಪಸ್ ಬಂದು ಒಂದೂವರೆ ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಆಗಲೇ ಆಂಡ್ರೂ ಫಾಸ್ಟರ್ ಬಗ್ಗೆ ಸರಿಯಾಗಿ ಓದಿದ್ದು. ನಮ್ಮ ಕ್ಷೇತ್ರದವರಿಗೆ ಈ ಹೆಸರು ಗೊತ್ತಿರಲೇಬೇಕು. ಅಮೆರಿಕದ ಕರಿಯ, ಹನ್ನೊಂದನೇ ವಯಸ್ಸಿಗೆ ಕಿವಿ ಹೋದವರು. 1957ರಲ್ಲಿ ಘಾನಾಕ್ಕೆ ಹೋಗಿ ಕಿವುಡರ ಶಾಲೆ ತೆರೆದರು. 1987ರ ಡಿಸೆಂಬರ್‌ನಲ್ಲಿ ರುವಾಂಡದಲ್ಲಿ ವಿಮಾನ ಬಿದ್ದು ತೀರಿಕೊಳ್ಳುವ ಹೊತ್ತಿಗೆ ಆಫ್ರಿಕಾದ ಹದಿಮೂರು ದೇಶಗಳಲ್ಲಿ ಅವರು ಕಟ್ಟಿದ ಶಾಲೆಗಳು ಮೂವತ್ತರ ಮೇಲಿದ್ದವು. ಅವರು ಅಮೆರಿಕದ ಸೈನನ್ನೇ ಕೊಂಡೊಯ್ದರು ಅಂತ ಈಗ ಟೀಕೆ ಮಾಡುವವರೂ ಇದ್ದಾರೆ. ಅದರಲ್ಲಿ ಹುರುಳೂ ಇದೆ. ನನಗೆ ನಾಟಿದ್ದು ಬೇರೆ. ಹೋದವರೇ ಕಿವುಡರಾಗಿದ್ದರು. ನಾನೋ, ಕಿವಿ ಕೇಳುವವನು, ಎರಡು ಭಾಷೆಯ ಮಧ್ಯೆ ಗೂಟ ಹೊಡೆದುಕೊಂಡು ನಿಂತಿದ್ದೆ.

ಹಾಗಾಗಿ ಎರಡನೇ ಸಲ ಹುಬ್ಬಣ್ಣನನ್ನು ಕರೆದುಕೊಂಡು ಹೋದೆ. ಅದು ಅವನ ಸೈನ್ ಹೆಸರು, ಅಂದರೆ ಕಿವುಡರು ಗುರುತಿಗೆ ಇಟ್ಟ ಕೈಸನ್ನೆಯ ಹೆಸರು. ಒಂದು ಹುಬ್ಬಿನ ಮಧ್ಯೆ ಗಾಯದ ಗೆರೆ ಇದೆ. ಕಾಕ್ಸ್ ಟೌನಿನಲ್ಲಿ ಹೊಲಿಯುವವನು, ಹುಟ್ಟು ಕಿವುಡ, ಮೂರನೇ ಕ್ಲಾಸು. ಕಮಿಟಿ ಗಲಾಟೆ ಆದದ್ದು ಇದಕ್ಕೇ. ಸಭೆ ಕೊನೆಗೆ ಒಬ್ಬರ ಟಿಕೆಟ್ ಮಾತ್ರ ಕೊಟ್ಟಿತು. ಇನ್ನೊಂದಕ್ಕೆ ನನ್ನ ಸ್ಕೂಟರ್ ಹೋಯಿತು. ಈ ಸಲ ವೀಸಾ ವಿಷಯದಲ್ಲಿ ಆಟ ಆಡಲಿಲ್ಲ. ಅಲ್ಲಿನ ಸಭೆಯ ಮೂಲಕ ಧಾರ್ಮಿಕ ಸೇವೆಯ ಪರ್ಮಿಟ್‌ಗೇ ಅರ್ಜಿ ಹಾಕಿಸಿದೆವು. ಮಧ್ಯದಲ್ಲಿ ಒಬ್ಬ ಏಜೆಂಟ್ 20 ಸಾವಿರ ಶಿಲ್ಲಿಂಗ್ ತಿಂದ. ಆಗ ಒಂದು ಶಿಲ್ಲಿಂಗ್‌ಗೆ ನಮ್ಮ 70 ಪೈಸೆ ಆಗುತ್ತಿತ್ತು, ಲೆಕ್ಕ ಹಾಕಿಕೊಳ್ಳಿ.

ಹುಬ್ಬಣ್ಣ ಮೊದಲ ದಿನವೇ ಕಿಬುಯೆ ಮಾರ್ಕೆಟ್ಟಿಗೆ ಹೋಗಿ ಅಲ್ಲಿನ ಕಿವುಡ ಟೈಲರ್ ಒಬ್ಬನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತ. ಕಾಜಾ ಹೊಲಿದುಕೊಟ್ಟ. ಆರು ವಾರದಲ್ಲಿ ಅವನ ಕೈ ಕೀನ್ಯಾದವರ ಕೈಯಾಯಿತು. ಸೈನ್ ಮನೆಯಲ್ಲೇ ಹುಟ್ಟಿದ ನನಗೆ ಐದು ತಿಂಗಳು ಹಿಡಿಯಿತು. ನನಗೆ ಅಲ್ಲಿನವರು ಇಟ್ಟ ಹೆಸರು 'ಚೀಲ'. ಯಾವಾಗಲೂ ಹೆಗಲಲ್ಲಿ ಚೀಲ ಇರುತ್ತಿತ್ತು, ಅದಕ್ಕೆ.

ನಾವು ಮಾಡಿದ್ದು ಇಷ್ಟು. ವಾರಕ್ಕೆ ಒಂದೇ ಕಥೆ. ಪ್ರಸಂಗವಿಲ್ಲ, ಪುಸ್ತಕವಿಲ್ಲ, ಪ್ರೊಜೆಕ್ಟರ್ ಇಲ್ಲ. ಸೋಮವಾರ ಹುಬ್ಬಣ್ಣ ಕಥೆಯನ್ನು ಮೈಯಲ್ಲೇ ತಂದುಕೊಂಡು ತೋರಿಸುತ್ತಿದ್ದ. ಆಮೇಲೆ ಐದಾರು ಜನ ಒಬ್ಬೊಬ್ಬರಾಗಿ ಅದನ್ನೇ ತಿರುಗಿ ಹೇಳಬೇಕು, ಅವರದೇ ಸೈನಿನಲ್ಲಿ. ಗುರುವಾರ ಅದರಲ್ಲೊಬ್ಬರು ಕಥೆಯನ್ನು ನೋಡಿಯೇ ಇಲ್ಲದ ಒಬ್ಬರಿಗೆ ಹೇಳುತ್ತಾರೆ. ಆ ಹೊಸಬರು ತಮಗೆ ತಿಳಿದದ್ದನ್ನು ನನಗೆ ಹೇಳುತ್ತಾರೆ. ನಾನು ಸತ್ಯವೇದ (ಬೈಬಲ್) ತೊಡೆಯ ಮೇಲಿಟ್ಟುಕೊಂಡು, ಕೈ ಕಟ್ಟಿಕೊಂಡು ನೋಡುವುದು. ತಪ್ಪು ಬಂದರೆ ಸೈನ್ ತಿದ್ದುವಂತಿಲ್ಲ. "ಆಗ ಆ ಹುಡುಗನ ಅಪ್ಪ ಎಲ್ಲಿದ್ದ?" ಅಂತ ಪ್ರಶ್ನೆ ಮಾತ್ರ ಕೇಳಬಹುದು. ಮೊದಲ ತಿಂಗಳು ಇದು ಎಷ್ಟು ಕಷ್ಟ ಆಯಿತು ಅಂದರೆ, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದೆ.

ಸರಿ ಬಂದ ಮೇಲೆ ವಿಡಿಯೋ. ಹಿಂದೆ ಕಡುನೀಲಿ ಬೆಡ್‌ಶೀಟ್. ಆದರೆ ಅವರ ಮೈಬಣ್ಣಕ್ಕೆ ಅದು ಸರಿ ಹೋಗಲಿಲ್ಲ, ಕೈ ಕಾಣುತ್ತಿರಲಿಲ್ಲ. ತಿಳಿ ಹಳದಿಗೆ ಬದಲಾಯಿಸಿದೆವು. ಪಟ್ಟೆ ಪಟ್ಟೆ ಶರ್ಟ್ ಬೇಡವೇ ಬೇಡ. ಬೆಳಗ್ಗೆ ಎಂಟರಿಂದ ಹತ್ತರವರೆಗಿನ ಬಿಸಿಲು ಎದುರಿನಿಂದ ಬೀಳಬೇಕು. ಮಾಮೂಲಿ ಫೋನಿನಲ್ಲೇ ಚಿತ್ರೀಕರಣ. ಮೆಮೊರಿ ಕಾರ್ಡಿಗೆ 400 ಶಿಲ್ಲಿಂಗ್ ಬೀಳುತ್ತಿತ್ತು ಅನ್ನಿಸುತ್ತೆ. ಬೋಡಾ ಬೋಡಾ ಅನ್ನುವ ಬಾಡಿಗೆ ಬೈಕಿನವರ ಕೈಯಲ್ಲಿ ಹಳ್ಳಿಗೆ ಕಳಿಸುತ್ತಿದ್ದೆವು.

ಮೊದಲ ಏಳು ಕಥೆ ಕಸದ ಬುಟ್ಟಿಗೆ ಹೋದವು. ಕಥೆ ಹೇಳಿದ್ದವರೆಲ್ಲ ಶಾಲೆ ಕಲಿತವರು. ಇಂಗ್ಲಿಷ್ ವಾಕ್ಯದ ಸಾಲಿನಲ್ಲೇ ಕೈ ಆಡಿಸುತ್ತಿದ್ದರು. ವಿಕ್ಟೋರಿಯಾ ಸರೋವರದ ದಡದಲ್ಲಿ ಮೀನು ಒಣಗಿಸುವ, ಶಾಲೆ ಮುಖ ನೋಡದ ಕಿವುಡರಿಗೆ ಅದು ಹತ್ತಲಿಲ್ಲ. ಎರಡೂವರೆ ತಿಂಗಳ ಕೆಲಸ, ಒಂದು 60 ಸಾವಿರ ಶಿಲ್ಲಿಂಗ್ ನೀರಿಗೆ ಹೋಯಿತು. ಆಮೇಲೆ ಕಥೆಗಾರರನ್ನೇ ಬದಲಾಯಿಸಿದೆವು. ಯಾರಿಗೆ ಕಥೆ ಕೊಡಬೇಕು ಅಂತ ಕಂಡುಹಿಡಿಯಲು ಹುಬ್ಬಣ್ಣ ಒಂದು ಆಟ ಆಡಿಸುತ್ತಾನೆ, ಹತ್ತು ನಿಮಿಷದ್ದು. ಅದೇನು ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾರಾದರೂ ಅದನ್ನು ಪ್ರವೇಶ ಪರೀಕ್ಷೆ ಮಾಡಿಬಿಡುತ್ತಾರೆ. ಸಿಕ್ಕಾಗ ತೋರಿಸುತ್ತೇನೆ.

ಗೆದ್ದೆವು ಅಂತ ಅನ್ನಿಸಿದ್ದು ಮಾರ್ಕನ ಏಳನೇ ಅಧ್ಯಾಯದ ದಿನ, ಯೇಸುಸ್ವಾಮಿ ಕಿವುಡನನ್ನು ವಾಸಿಮಾಡಿದ ಕಥೆಯಲ್ಲಿ. ಅದನ್ನು ಬೇಡ ಅಂದಿದ್ದೆ. ಕಾರಣ ಇತ್ತು. ಅಲ್ಲಿ ಕೂತಿದ್ದವರಲ್ಲಿ ಅರ್ಧ ಜನರನ್ನು ಮನೆಯವರು ಸ್ವಸ್ಥತೆಯ ಕೂಟಕ್ಕೆ ಎಳೆದುಕೊಂಡು ಹೋಗಿದ್ದರು. ಯಾರೋ ಕಿವಿಯೊಳಗೆ ಬೆರಳು ತುರುಕಿ ಕಿರುಚಿದ್ದಾರೆ, ವಾಸಿಯಾಗದಿದ್ದಕ್ಕೆ ನಂಬಿಕೆ ಸಾಲದು ಅಂತ ಬೈದಿದ್ದಾರೆ. ಆದರೆ 'ಮಚ್ಚೆ' ಅನ್ನುವ ಹುಡುಗಿ ಹಟ ಹಿಡಿದಳು. ಎದ್ದು ನಿಂತು ಶುರುಮಾಡಿದಳು. ನಡುಬೆರಳಿನಿಂದ ಒಂದೊಂದು ಅಂಗೈಯನ್ನೂ ಮುಟ್ಟಿದಳು, ಮೊಳೆಯ ಗಾಯ, ಅಂದರೆ ಯೇಸು. ಸುತ್ತ ಗುಂಪು. ಗುಂಪಿನ ಬಾಯಿಗಳೆಲ್ಲ ಆಡುತ್ತಿವೆ. ಯೇಸು ಕಿವುಡನ ಮೊಣಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋಗುತ್ತಾನೆ. ಇಲ್ಲಿ ಅವಳು ನಿಂತಳು. ಯೇಸುವಾಗಿ ಅವನ ಮುಖಕ್ಕೆ ಮುಖ ಕೊಟ್ಟು ನೋಡಿದಳು. ಬೆರಳು ಕಿವಿಗೆ. ಬೆರಳು ನಾಲಿಗೆಗೆ. ಕಣ್ಣು ಆಕಾಶಕ್ಕೆ. ಆಮೇಲೆ ಕಥೆ ಬಿಟ್ಟು ನಮ್ಮ ಕಡೆ ತಿರುಗಿ, "ನೋಡಿದ್ರಾ? ಬಾಯಲ್ಲಿ ಹೇಳೋಕೆ ಮೊದಲು ಅವನಿಗೆ ಸೈನ್ ಮಾಡಿದ," ಅಂದಳು.

ನಾನು ಆ ಅಧ್ಯಾಯವನ್ನು ಎಷ್ಟು ಸಲ ಓದಿದ್ದೇನೋ. ಹಾಗೆ ಕಂಡಿರಲೇ ಇಲ್ಲ.

ನಮ್ಮ ಹಿರಿಯರು, ಬೈಬಲಿನಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರ ಹಿಡಿದು, ನಂಬಿಕೆ ಬರುವುದು ಕೇಳುವುದರಿಂದ ತಾನೇ ಅಂತ ಕೆಣಕುತ್ತಿದ್ದರು. ಕನ್ನಡದಲ್ಲಿ ಇದಕ್ಕೆ ಉತ್ತರ ಸುಲಭ. ಕಿವಿಯಲ್ಲಿ ಕೇಳುವುದೂ ಕೇಳುವುದೇ, ಪ್ರಶ್ನೆ ಕೇಳುವುದೂ ಕೇಳುವುದೇ. ಕಿಸುಮುವಿನವರು ಕೇಳಿದಷ್ಟು ನಮ್ಮ ಸಭೆಯಲ್ಲಿ ಯಾರೂ ಕೇಳಿದ್ದಿಲ್ಲ. ಅವರು ಕೇಳಿದ ಒಂದು ಪ್ರಶ್ನೆಗೆ ಮಾತ್ರ ನಾನು ತಲೆ ತಗ್ಗಿಸಿದೆ. ಅವರ 2010ರ ಸಂವಿಧಾನದಲ್ಲಿ ಸಂಸತ್ತಿನ ಭಾಷೆಗಳ ಸಾಲಿನಲ್ಲಿ ಸ್ವಾಹಿಲಿ, ಇಂಗ್ಲಿಷ್ ಜೊತೆ ಕೀನ್ಯಾದ ಸೈನ್ ಭಾಷೆಯೂ ಇದೆ. "ನಿಮ್ಮಲ್ಲಿ?" ಅಂದರು. ನಮ್ಮ ಸಂವಿಧಾನದ ಎಂಟನೇ ಅನುಸೂಚಿಯಲ್ಲಿ 22 ಭಾಷೆಗಳಿವೆ, ನಮ್ಮಪ್ಪನ ಭಾಷೆ ಇಲ್ಲ.

ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ಕೂಟ ಶುರುಮಾಡಲು ದೊಡ್ಡ ಡ್ರಮ್ ತಂದೆವು, 3,000 ಶಿಲ್ಲಿಂಗ್. ಮರದ ನೆಲವಿದ್ದಲ್ಲಿ ಕಾಲಿನ ಮೂಲಕ ಎಲ್ಲರಿಗೂ ಗೊತ್ತಾಗುತ್ತಿತ್ತು. ಸಿಮೆಂಟ್ ನೆಲದಲ್ಲಿ ಏನೂ ಇಲ್ಲ. ಖಾಲಿ ನೀರಿನ ಡ್ರಮ್ಮಿಗೆ ಕೈ ತಾಗಿಸಿ ಕೂತರೆ ಚೆನ್ನಾಗಿ ಗೊತ್ತಾಗುತ್ತದೆ, ಆದರೆ ಕೈ ಅಲ್ಲಿಟ್ಟರೆ ಮಾತಾಡುವುದು ಹೇಗೆ? ಇಬ್ಬರಿಗೆ ಹೊಲಿಗೆ ಮೆಷಿನ್ ಕೊಡಿಸಿದ್ದು ಶುದ್ಧ ತಪ್ಪು. ಒಂದು ಮೆಷಿನ್ ಮೂರೇ ವಾರದಲ್ಲಿ ಮಾರಾಟವಾಯಿತು, ಇನ್ನೊಂದು ಹೊಟ್ಟೆಕಿಚ್ಚು ಹುಟ್ಟಿಸಿತು. ಏನಾದರೂ ಕೊಟ್ಟು ಜನ ಸೇರಿಸಬೇಡಿ, ಕೊಡುವುದು ನಿಂತ ದಿನ ಕೂಟವೂ ನಿಲ್ಲುತ್ತದೆ. ಗೆದ್ದ ಪ್ರಯೋಗ ಒಂದೇ, ಮುದ್ದೆ. ಅಲ್ಲಿ ರಾಗಿಗೆ ವಿಂಬಿ ಅನ್ನುತ್ತಾರೆ, ಗಂಜಿಗೆ ಬಳಸುತ್ತಾರೆ. ಅವರ ಉಗಾಲಿ ನಮ್ಮ ಮುದ್ದೆಯ ಅಣ್ಣನೇ, ಮುಸುಕಿನ ಜೋಳದ್ದು ಅಷ್ಟೆ. ಹುಬ್ಬಣ್ಣ ಬರೀ ವಿಂಬಿಯಲ್ಲಿ ಮುದ್ದೆ ತೊಳಸಿ ಮೀನು ಸಾರಿನ ಜೊತೆ ಬಡಿಸಿದ. ಅಗಿಯದೆ ನುಂಗಿ ಅಂದಾಗ ಎಲ್ಲರೂ ಅವನನ್ನು ಹುಚ್ಚನ ಹಾಗೆ ನೋಡಿದರು.

2020ರ ಮಾರ್ಚಿನಲ್ಲಿ ಕೋವಿಡ್ ಬಂತು, ಇಬ್ಬರೂ ಓಡಿ ಬಂದೆವು. ಸೈನಿನಲ್ಲಿ ಮುಖವೂ ಮಾತಾಡುತ್ತದೆ, ಮಾಸ್ಕ್ ಹಾಕಿದರೆ ಅರ್ಧ ಭಾಷೆ ಮುಚ್ಚಿಹೋಗುತ್ತದೆ. ಹುಬ್ಬಣ್ಣ ಬಾಯಿಯ ಹತ್ತಿರ ಪ್ಲಾಸ್ಟಿಕ್ ಕಿಟಕಿ ಇಟ್ಟು ಹೊಲಿದ, ಉಸಿರಿಗೆ ಮಂಜು ಕಟ್ಟಿತು. ಇನ್ನು ಮುಗಿಯಿತು ಅಂದುಕೊಂಡೆ. ಹಿರಿಯರು "ನಾನು ಹೇಳಿರಲಿಲ್ವಾ" ಅಂತ ಫೋನ್ ಮಾಡಿಯೂ ಆಯಿತು. ಆದರೆ ನಾವಿಲ್ಲದ ಎರಡು ವರ್ಷದಲ್ಲಿ ಅವರೇ ಹನ್ನೊಂದು ಕಥೆ ಮಾಡಿ ವಾಟ್ಸಾಪಿನಲ್ಲಿ ಕಳಿಸಿದರು. ನಾನು ಇಲ್ಲಿಂದ ಪ್ರಶ್ನೆ ಮಾತ್ರ ಕಳಿಸುತ್ತಿದ್ದೆ. ಆ ಹನ್ನೊಂದು ನಾವಿದ್ದಾಗ ಮಾಡಿದ್ದಕ್ಕಿಂತ ಚೆನ್ನಾಗಿವೆ. ಇದನ್ನು ಒಪ್ಪಿಕೊಳ್ಳಲು ನನಗೆ ಒಂದು ವಾರ ಬೇಕಾಯಿತು.

ನೆನಪಿನಲ್ಲಿರುವ ಲೆಕ್ಕ: ಮೂರೂ ಕಡೆ ಸೇರಿ ತಪ್ಪದೆ ಬರುವವರು 70ರ ಸುಮಾರು. ದೀಕ್ಷಾಸ್ನಾನ ತೆಗೆದುಕೊಂಡವರು 14 ಅಥವಾ 15. ಕೂಟ ನಡೆಸುವವರು ಐದು ಜನ, ಐವರೂ ಕಿವುಡರು. ನನಗೆ ಒಟ್ಟು ಖರ್ಚಾದದ್ದು ಹನ್ನೊಂದು ಲಕ್ಷದ ಆಸುಪಾಸು. ಅದರಲ್ಲಿ ಐದು ಲಕ್ಷವಾದರೂ ನನ್ನ ದಡ್ಡತನದ ಫೀಸು.

ಈಗ 38 ಕಥೆ ಆಗಿವೆ. 39ನೆಯದು ನಾಲ್ಕು ತಿಂಗಳಿಂದ ನಿಂತಿದೆ. ಲೂಕನ ಮೊದಲ ಅಧ್ಯಾಯ, ಜಕರೀಯನದು. ಮಾತು ನಿಂತುಹೋಗಿದ್ದ ಅವನಿಗೆ, ಮಗುವಿಗೆ ಏನು ಹೆಸರಿಡಬೇಕು ಅಂತ ನೆಂಟರು ಸನ್ನೆ ಮಾಡಿ ಕೇಳುತ್ತಾರೆ. ಹೋದದ್ದು ಮಾತು ತಾನೇ, ಕಿವಿ ಕೇಳುತ್ತಿತ್ತಲ್ಲ, ಸನ್ನೆ ಯಾಕೆ? ಮಚ್ಚೆಯ ಕಡೆಯವರು, ಕೇಳುವ ಜನರಿಗೆ ಯಾವಾಗಲೂ ಇಷ್ಟೇ ಬುದ್ಧಿ, ಮಾತು ಬಾರದವನಿಗೆ ಕಿವಿಯೂ ಇಲ್ಲ ಅಂದುಕೊಳ್ಳುತ್ತಾರೆ ಅನ್ನುತ್ತಾರೆ. ಉಳಿದವರು, ಇಲ್ಲ, ಅವನು ಪೂರ್ತಿ ನಮ್ಮವನೇ ಆಗಿದ್ದ ಅನ್ನುತ್ತಾರೆ. ಇಲ್ಲಿನ ದೇವಶಾಸ್ತ್ರದ ಮೇಷ್ಟ್ರೊಬ್ಬರನ್ನು ಕೇಳಿದೆ. ಜಕರೀಯನಿಗೆ ಆ ಅಧ್ಯಾಯದಲ್ಲಿ ಬಳಸಿದ ಗ್ರೀಕ್ ಪದ ಕಿವುಡನಿಗೂ ಆಗುತ್ತೆ, ಮೂಗನಿಗೂ ಆಗುತ್ತೆ ಅಂದರು. ಹಾಗೇ ಬರೆದು ಕಳಿಸಿದೆ. ಎರಡೂ ಕಡೆಯವರು ಗೆದ್ದೆವು ಅಂತ ಕೈ ಎತ್ತಿ ಅಲ್ಲಾಡಿಸುತ್ತಿರುವ ವಿಡಿಯೋ ನಿನ್ನೆ ಬಂತು.