ಮಳೆಗಾಲದಲ್ಲಿ ಅಚ್ಚು, ದೀಪಾವಳಿ ಕಳೆದ ಮೇಲೆ ಎರಕ: ಮುಂಬೈ ಫ್ಲ್ಯಾಟಿನಲ್ಲಿ ಹಳೆಯ ಸೈನ್ಯಕ್ಕೆ ಹೊಸ ಬೇಸ್

ಅಟ್ಟದಿಂದ ಇಳಿಸಿದ ಪೆಟ್ಟಿಗೆಯಲ್ಲಿ ಕಾಲೇಜು ದಿನಗಳ ವಾರ್‌ಹ್ಯಾಮರ್ (ಮೇಜಿನ ಮೇಲೆ ಪುಟ್ಟ ಬೊಂಬೆಗಳಿಂದ ಆಡುವ ಯುದ್ಧದಾಟ) ಸೈನ್ಯ ಇದ್ದರೆ, ಆಟಕ್ಕೆ ಮರಳುವಾಗ ಮೊದಲು ಅಡ್ಡ ಬರುವುದು ಬಣ್ಣವಲ್ಲ, ಬೇಸ್, ಅಂದರೆ ಬೊಂಬೆಯ ಕಾಲಡಿಯ ಪೀಠ. 1983ರಲ್ಲಿ ಶುರುವಾದ ವಾರ್‌ಹ್ಯಾಮರ್ ಫ್ಯಾಂಟಸಿ ಬ್ಯಾಟಲ್ 2015ರಲ್ಲಿ ನಿಂತುಹೋಗಿ ಏಜ್ ಆಫ್ ಸಿಗ್ಮಾರ್ ಬಂತು. ಅಲ್ಲಿ ಎಲ್ಲವೂ ದುಂಡು ಇಲ್ಲವೇ ಅಂಡಾಕಾರದ ಬೇಸ್. 2024ರ ಜನವರಿಯಲ್ಲಿ ದಿ ಓಲ್ಡ್ ವರ್ಲ್ಡ್ ಎಂಬ ಹೆಸರಿನಲ್ಲಿ ಸಾಲುಗಟ್ಟಿ ನಿಲ್ಲುವ ಹಳೆಯ ಬಗೆಯ ಯುದ್ಧ ಮರಳಿತು. ಚೌಕ ಬೇಸೂ ಮರಳಿತು, ಅಳತೆ ಮಾತ್ರ ಬೇರೆ. 20 ಮಿ.ಮೀ. ಚೌಕದಲ್ಲಿದ್ದ ಮನುಷ್ಯ ಕಾಲಾಳಿಗೆ ಈಗ 25, 25ರಲ್ಲಿದ್ದ ರಾಕ್ಷಸ ಜಾತಿಯ ಆರ್ಕ್‌ಗೆ 30, 25×50ರಲ್ಲಿದ್ದ ಕುದುರೆ ಸವಾರನಿಗೆ 30×60.

ಹಳೆಯ ಬೇಸಿನ ಸುತ್ತ ಬರೀ ಒಂದು ಚೌಕಟ್ಟು ಸಾಕು ಎನ್ನುವವರಿಗೆ ರೆಸಿನ್ (ಎರಡು ದ್ರವ ಬೆರೆಸಿ ಅಚ್ಚಿಗೆ ಸುರಿದರೆ ಗಟ್ಟಿ ಪ್ಲಾಸ್ಟಿಕ್ ಆಗುವ ವಸ್ತು) ಬೇಡವೇ ಬೇಡ. ನಾಮಫಲಕ ಮಾಡುವ ಯಾವುದೇ ಅಂಗಡಿಯಲ್ಲಿ 3 ಮಿ.ಮೀ. ಅಕ್ರಿಲಿಕ್ ಹಾಳೆಯನ್ನು ಲೇಸರ್‌ನಲ್ಲಿ ಕತ್ತರಿಸಿಕೊಡುತ್ತಾರೆ: ಹೊರಗೆ 25, ಒಳಗೆ 20. ಕಲ್ಲು, ಬಿರುಕು, ಹಾಸುಗಲ್ಲು ಇರುವ ಬೇಸ್ ಬೇಕು, ಅದೂ ಇಪ್ಪತ್ತು ಮೂವತ್ತು ಬೇಕು ಎಂದಾಗಷ್ಟೇ ಎರಕದ ಕೆಲಸಕ್ಕೆ ಬೆಲೆ. ಕೈ ಪಳಗಿಸಲು ಬೇಸಿಗಿಂತ ಒಳ್ಳೆಯ ವಸ್ತುವೂ ಇಲ್ಲ. ಕೆಳಭಾಗ ಚಪ್ಪಟೆ, ಒಂದೇ ತುಂಡಿನ ಅಚ್ಚು ಸಾಕು, ಹಾಳಾದರೆ ಹೋಗುವುದು ಎರಡೂವರೆ ಮಿ.ಲೀ. ರೆಸಿನ್. ಆಟ ತಯಾರಿಸುವ ಕಂಪನಿಯ ಬೊಂಬೆಗಳಿಗೆ ಅಚ್ಚು ತೆಗೆಯುವ ಆಸೆ ಬೇಡ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಶಿಲ್ಪವೂ ಕಲಾಕೃತಿಯೇ. ಬೇಸ್, ಗುರಾಣಿ, ಪೀಪಾಯಿ, ಮುರಿದ ಗೋಡೆ, ಇವೆಲ್ಲ ನಿಮ್ಮ ಕೈಯಲ್ಲೇ ಆಗುವ ಮೂಲಗಳು, ಅಂದರೆ ಅಚ್ಚು ತೆಗೆಯಲು ಬಳಸುವ ಮೊದಲ ಮಾದರಿಗಳು.

ಮುಂಬೈಯಲ್ಲಿ ಈ ಕೆಲಸದ ಗುಟ್ಟು ಪಂಚಾಂಗದಲ್ಲಿದೆ. ಬೊಂಬೆ ಎರಕಕ್ಕೆ ಬಳಸುವ ಪಾಲಿಯುರೆಥೇನ್ ರೆಸಿನ್‌ನ ಎರಡು ಭಾಗಗಳಲ್ಲಿ ಒಂದು ಐಸೊಸಯನೇಟ್. ಅದಕ್ಕೆ ನೀರಿನ ಪಸೆ ತಾಗಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ರೆಸಿನ್ ಬ್ರೆಡ್ಡಿನಂತೆ ಉಬ್ಬುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವ 80 ಪ್ರತಿಶತ ದಾಟುವ ಊರಿನಲ್ಲಿ ಇದು ಸೋಲುವ ಪಂದ್ಯ. ಆದರೆ ಅಚ್ಚಿಗೆ ಬಳಸುವ ಟಿನ್ ಕ್ಯೂರ್ ಸಿಲಿಕೋನ್ (ತವರದ ಸಂಯುಕ್ತ ಬೆರೆಸಿದಾಗ ಗಟ್ಟಿಯಾಗುವ ರಬ್ಬರ್ ದ್ರವ) ಗಟ್ಟಿಯಾಗಲು ತೇವವೇ ಬೇಕು. ಹಾಗಾಗಿ ಮೂಲ ಮತ್ತು ಅಚ್ಚು ಮಳೆಗಾಲದ ಕೆಲಸ; ಎರಕ ನವೆಂಬರ್‌ನಿಂದ ಫೆಬ್ರವರಿವರೆಗಿನ ಮಧ್ಯಾಹ್ನದ ಕೆಲಸ. ಚಳಿಗಾಲದಲ್ಲೂ ಬೆಳಗಿನ ಹೊತ್ತು ತೇವ ಹೆಚ್ಚು, ಊಟ ಮುಗಿಸಿ ಕೂತರೆ ಗಾಳಿ ಒಣಗಿರುತ್ತದೆ.

ಪೆಟ್ಟಿಗೆಯ ಬೊಂಬೆಗಳು

ಹಳೆಯ ಬಣ್ಣ ತೆಗೆಯಲು ಮನೆಯಲ್ಲಿರುವ ಕಂದು ಡೆಟಾಲ್ ಸಾಕು. ನೀರು ಬೆರೆಸದೆ ಮುಚ್ಚಳವಿರುವ ಗಾಜಿನ ಶೀಶೆಗೆ ಹಾಕಿ 24 ಗಂಟೆ ನೆನೆಸಿ, ಹಳೆಯ ಟೂತ್‌ಬ್ರಷ್ ಅನ್ನೂ ಡೆಟಾಲ್‌ನಲ್ಲೇ ಅದ್ದಿ ಉಜ್ಜಿ. ಬಣ್ಣ ಪೂರ್ತಿ ಬಿಡುವ ಮೊದಲು ನಲ್ಲಿಯ ಕೆಳಗೆ ಹಿಡಿದರೆ ಅದು ಡಾಂಬರಿನಂತೆ ಅಂಟಿ ಕೂರುತ್ತದೆ; ಎಲ್ಲ ಬಿಟ್ಟ ಮೇಲೆ ಪಾತ್ರೆ ತೊಳೆಯುವ ಸೋಪು, ಆಮೇಲೆ ನೀರು. ಲೋಹಕ್ಕೂ ಗಟ್ಟಿ ಪ್ಲಾಸ್ಟಿಕ್‌ಗೂ ಇದು ನಡೆಯುತ್ತದೆ. ರೆಸಿನ್ ಬೊಂಬೆಯಾದರೆ ಕಾಣದ ಮೂಲೆಯಲ್ಲಿ ಪರೀಕ್ಷಿಸಿ. ಅಸಿಟೋನ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಅದು ಲೋಹಕ್ಕೆ ಮಾತ್ರ. ಅಂದಹಾಗೆ ಅಸಿಟೋನ್, ಥಿನ್ನರ್ ಡಬ್ಬಿಗಳನ್ನು ಲೋಕಲ್‌ನಲ್ಲಿ ಸಾಗಿಸುವುದು ರೈಲ್ವೆ ಕಾಯ್ದೆಯಡಿ ಅಪರಾಧ, ಮನೆಯ ಹತ್ತಿರದ ಅಂಗಡಿಯಲ್ಲೇ ಕೊಳ್ಳಿ.

ಫೆವಿಕ್ವಿಕ್ ಹಾಕಿದ ಲೋಹದ ಬೊಂಬೆಯ ಕೈಕಾಲು ಬಿಡಿಸಬೇಕೆಂದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದೆರಡು ಗಂಟೆ ಫ್ರೀಜರ್‌ನಲ್ಲಿಡಿ. ಆ ಅಂಟು ಚಳಿಗೆ ಪೆಡಸಾಗಿ ತಿರುಚಿದರೆ ಬಿಡುತ್ತದೆ. ತುಂಬ ಹಳೆಯ ಲೋಹದ ಬೊಂಬೆಗಳ ಮೇಲೆ ಬಿಳಿ ಪುಡಿ ಕಂಡರೆ ಊದಬೇಡಿ: ಅದು ಸೀಸ ಕೊಳೆತ ಪುಡಿ. ಕೈಗವಸು ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಮರದ ಕಪಾಟು ಹೊರಸೂಸುವ ಆಮ್ಲದ ಆವಿ ಈ ರೋಗವನ್ನು ಬೆಳೆಸುತ್ತದೆ, ಗಾಳಿಯಾಡುವ ಪ್ಲಾಸ್ಟಿಕ್ ಡಬ್ಬಿ ಮೇಲು.

ಮೂಲ

ಲೇಸರ್ ಅಂಗಡಿಯಿಂದ 3 ಮಿ.ಮೀ. ಅಕ್ರಿಲಿಕ್‌ನ 25×25 ಚೌಕಗಳನ್ನು ಹತ್ತು ತನ್ನಿ. ಮೇಲೆ 1 ಮಿ.ಮೀ. ದಪ್ಪಕ್ಕೆ ಎಂ-ಸೀಲ್ ಹಚ್ಚಿ. ಮುಖ, ಬೆರಳು ಕೆತ್ತಲು ಎಂ-ಸೀಲ್ ಒರಟು, ಅದಕ್ಕೆ ಗ್ರೀನ್ ಸ್ಟಫ್ ಎಂಬ ನಯವಾದ ಪುಟ್ಟಿ ಇದೆ; ನೆಲಕ್ಕೆ ಮಾತ್ರ ಈ ಒರಟೇ ಬೇಕು. ಮುದುಡಿದ ಅಡುಗೆ ಫಾಯಿಲ್ ಒತ್ತಿದರೆ ಬಂಡೆ, ಟೂತ್‌ಬ್ರಷ್ ಕುಟ್ಟಿದರೆ ಮಣ್ಣು. ಊರಿನಿಂದ ಬರುವಾಗ ಮುರಕಲ್ಲಿನ ಒಂದು ಚೂರು ಜೇಬಿಗೆ ಹಾಕಿಕೊಂಡಿದ್ದರೆ ಅದನ್ನು ಒದ್ದೆ ಮಾಡಿ ಒತ್ತಿ ನೋಡಿ, ಯಾವ ಅಂಗಡಿಯಲ್ಲೂ ಸಿಗದ ಪಾಳು ನೆಲ ಮೂಡುತ್ತದೆ. ಅಂಚಿನಿಂದ ಹೊರಗೆ ಚಾಚಿದ ಎಂ-ಸೀಲನ್ನು ಹಸಿಯಿದ್ದಾಗಲೇ ಕತ್ತರಿಸಿ, ಇಲ್ಲವಾದರೆ ಬೇಸ್‌ಗಳು ಒಂದಕ್ಕೊಂದು ತಾಗಿ ನಿಲ್ಲವು. 24 ಗಂಟೆ ಬಿಡಿ.

ಹತ್ತೂ ಬೇರೆ ಬೇರೆ ಇರಲಿ. ಒಂದೇ ವಿನ್ಯಾಸ ಇಪ್ಪತ್ತು ಸಲ ಬಂದರೆ ಸಾಲಿನಲ್ಲಿ ನಿಲ್ಲಿಸಿದಾಗ ಬಾತ್‌ರೂಮ್ ಟೈಲ್ಸಿನಂತೆ ಕಾಣುತ್ತದೆ.

ಅಚ್ಚು

ಸಿಲಿಕೋನ್ ಎರಡು ಬಗೆ. ಪ್ಲಾಟಿನಂ ಕ್ಯೂರ್ ಹೆಚ್ಚು ಕಾಲ ಬಾಳುತ್ತದೆ, ಆದರೆ ಮಹಾ ಮಡಿಯ ಸ್ವಭಾವ. ಗಂಧಕವಿರುವ ಪ್ಲಾಸ್ಟಿಸಿನ್ ಜೇಡಿ, ಲೇಟೆಕ್ಸ್ ಕೈಗವಸು, ಥ್ರೀಡಿ ಪ್ರಿಂಟರ್‌ನ ರೆಸಿನ್, ಕೆಲವು ಎಪಾಕ್ಸಿ ಪುಟ್ಟಿ, ಯಾವುದು ಸೋಕಿದರೂ ಅಲ್ಲಿ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ಮೊದಲ ಅಚ್ಚಿಗೆ ಟಿನ್ ಕ್ಯೂರ್ ಕೊಳ್ಳಿ, ರಬ್ಬರಿನ ಗಡಸುತನ ಅಳೆಯುವ ಶೋರ್ ಎ ಮಾಪನದಲ್ಲಿ 20ರಿಂದ 30ರೊಳಗಿನ ಮೆದು. ಬಾಗಿಲು ಸಂದಿಗೆ ಹಾಕುವ, ವಿನೆಗರ್ ವಾಸನೆಯ ಸೀಲೆಂಟ್ ಬೇರೆ ವಸ್ತು, ಅದನ್ನು ತರಬೇಡಿ. ತಕ್ಕಡಿ 0.1 ಗ್ರಾಂ ತೋರಿಸುವಂಥದ್ದಿರಲಿ. ಸಿರಿಂಜು, ಅಳತೆ ಕಪ್‌ಗಳಿಗೆ ಪ್ರಿನ್ಸೆಸ್ ಸ್ಟ್ರೀಟ್, ವಾಟರ್ ಪೇಪರ್ ಮತ್ತು ಸಣ್ಣ ಹತಾರುಗಳಿಗೆ ನಾಗದೇವಿ ಗಲ್ಲಿ ಸುತ್ತಿದರೆ ಒಂದೇ ಬೆಳಗ್ಗೆ ಕೆಲಸ ಮುಗಿಯುತ್ತದೆ.

ನುಣುಪಾದ ಲ್ಯಾಮಿನೇಟ್ ಹಲಗೆಯ ಮೇಲೆ ಹತ್ತು ಚೌಕಗಳನ್ನು ಐದೈದರ ಎರಡು ಸಾಲಿನಲ್ಲಿ, ನಡುವೆ 6 ಮಿ.ಮೀ. ಬಿಟ್ಟು, ಎರಡು ಬದಿಯ ಟೇಪಿನಿಂದ ಅಂಟಿಸಿ. ಸುತ್ತ 8 ಮಿ.ಮೀ. ಬಿಟ್ಟು ಸನ್‌ಬೋರ್ಡ್ (ಫೋಮ್ ಹಾಳೆ) ಪಟ್ಟಿಯ ಗೋಡೆ ಕಟ್ಟಿ, ಹೊರಗಿನಿಂದ ಹಾಟ್ ಗ್ಲೂ ಸುರಿದು ಸಂದಿ ಮುಚ್ಚಿ. ಒಳ ಅಳತೆ 165×72 ಮಿ.ಮೀ. ಆಗುತ್ತದೆ. ಬೇಸಿನ ಎತ್ತರ 4, ಅದರ ಮೇಲೆ ಸಿಲಿಕೋನ್ 8, ಒಟ್ಟು 12. ಸೆಂ.ಮೀ.ನಲ್ಲಿ ಗುಣಿಸಿದರೆ 16.5×7.2×1.2, ಸುಮಾರು 143 ಮಿ.ಲೀ. ಬೇಸ್‌ಗಳ 25 ಮಿ.ಲೀ. ಕಳೆದರೆ 118. ಸಿಲಿಕೋನ್ ನೀರಿಗಿಂತ ಸ್ವಲ್ಪ ಭಾರ, 1.15ರಿಂದ ಗುಣಿಸಿದರೆ 136 ಗ್ರಾಂ. ಕಪ್ಪಿಗೆ ಅಂಟುವುದನ್ನೂ ಸೇರಿಸಿ 150 ಗ್ರಾಂ ಅಳೆಯಿರಿ. ಡಬ್ಬಿಯ ಮೇಲೆ 3 ಪ್ರತಿಶತ ಕ್ಯಾಟಲಿಸ್ಟ್ (ಸಿಲಿಕೋನನ್ನು ಗಟ್ಟಿಯಾಗಿಸುವ ದ್ರವ) ಎಂದಿದ್ದರೆ 4.5 ಗ್ರಾಂ. ಬೇಗ ಆಗಲಿ ಎಂದು ಹೆಚ್ಚು ಸುರಿದರೆ ಅಚ್ಚು ಕುಗ್ಗಿ ಪೆಡಸಾಗಿ ಕೆಲವೇ ಎರಕಕ್ಕೆ ಹರಿಯುತ್ತದೆ. ಕಡಿಮೆಯಾದರೆ ವಾರವಾದರೂ ಜಿಗುಟು ಹೋಗದು.

ಮೂರು ನಿಮಿಷ ನಿಧಾನ ಕಲಸಿ, ತಳ ಮತ್ತು ಬದಿ ಕೆರೆದು ಇನ್ನೊಂದು ಕಪ್ಪಿಗೆ ಬಗ್ಗಿಸಿ ಮತ್ತೆ ಕಲಸಿ. ಮೂಲಗಳ ಮೇಲೆ ಮೊದಲು ಬ್ರಷ್‌ನಿಂದ ತೆಳ್ಳಗೆ ಸವರಿ, ಬಿರುಕುಗಳೊಳಗೆ ಗಾಳಿ ಉಳಿಯಬಾರದು. ಮಿಕ್ಕಿದ್ದನ್ನು ಒಂದಡಿ ಮೇಲಿನಿಂದ, ಪೆಟ್ಟಿಗೆಯ ಒಂದೇ ಮೂಲೆಗೆ, ಒಂದೆಳೆ ಪಾಕ ಇಳಿಬಿಟ್ಟ ಹಾಗೆ ಸುರಿಯಿರಿ. ಎಳೆ ಸಣ್ಣದಾದಷ್ಟೂ ಗುಳ್ಳೆಗಳು ಅಲ್ಲೇ ಒಡೆಯುತ್ತವೆ. ಮೇಜು ಮಟ್ಟವಾಗಿದೆಯೇ ಎಂದು ಫೋನಿನಲ್ಲಿ ನೋಡಿಕೊಳ್ಳಿ. ಈಗಿನ ಓರೆ ಮುಂದೆ ಪ್ರತಿ ಬೇಸಿಗೂ ಬರುತ್ತದೆ. 24 ಗಂಟೆಯ ನಂತರ ಬಿಡಿಸಿ, ಕನಿಷ್ಠ ಎರಡು ದಿನ ತೆರೆದಿಡಿ. ಹೊಸ ಅಚ್ಚು ಒಳಗಿಂದ ಆಲ್ಕೊಹಾಲ್ ಬಿಡುತ್ತಿರುತ್ತದೆ, ಆಗಲೇ ರೆಸಿನ್ ಹೊಯ್ದರೆ ಮೈತುಂಬ ಸೂಜಿಮೊನೆ ತೂತು. ಆಮೇಲೆ ಮಡಚದೆ, ಮೇಲೆ ಭಾರ ಹೇರದೆ, ಗಾಜಿನ ಮೇಲೆ ಚಪ್ಪಟೆ ಇಟ್ಟು ನವೆಂಬರ್‌ಗೆ ಕಾಯಿರಿ.

ಪೀಪಾಯಿಯಂಥ ದುಂಡು ವಸ್ತುವಿಗೆ ಎರಡು ತುಂಡಿನ ಅಚ್ಚು ಬೇಕು. ಅರ್ಧವನ್ನು ಪ್ಲಾಸ್ಟಿಸಿನ್‌ನಲ್ಲಿ ಹೂತು, ಪೆನ್ನಿನ ಹಿಂಬದಿಯಿಂದ ನಾಲ್ಕು ಗುಳಿ ಒತ್ತಿ, ಮೊದಲ ಅರ್ಧ ಸುರಿಯಿರಿ. ಗಟ್ಟಿಯಾದ ಮೇಲೆ ಜೇಡಿ ತೆಗೆದು ಸಿಲಿಕೋನ್ ಮೈಗೆಲ್ಲ ವ್ಯಾಸಲೀನ್ ತೆಳ್ಳಗೆ ಸವರಿಯೇ ಎರಡನೆಯ ಅರ್ಧ. ಸಿಲಿಕೋನ್‌ಗೆ ಸಿಲಿಕೋನ್ ಮಾತ್ರ ಬಿಡದಂತೆ ಅಂಟುತ್ತದೆ. ವ್ಯಾಸಲೀನ್ ಮರೆತರೆ ಒಂದೇ ಇಟ್ಟಿಗೆ, ಚಾಕು ಹಾಕಿ ಸೀಳುವುದೇ ಗತಿ.

ಎರಕ

ಅಕ್ಕಪಕ್ಕದ ಮನೆಗೆ ಮುಖ ಮಾಡದ ಕಿಟಕಿ ತೆರೆದು ಕೂರಿ. ನೈಟ್ರೈಲ್ ಕೈಗವಸು, ಕನ್ನಡಕ, ಆವಿಗೆಂದೇ ಇರುವ ಕಾರ್ಟ್‌ರಿಜ್ ಮಾಸ್ಕ್ ಕಡ್ಡಾಯ. ಎನ್95 ತಡೆಯುವುದು ಪುಡಿಯನ್ನು, ಐಸೊಸಯನೇಟ್ ಆವಿಯನ್ನಲ್ಲ. ಅಸ್ತಮಾ ಇರುವವರು ಈ ರೆಸಿನ್ ಸಹವಾಸಕ್ಕೇ ಬರಬೇಡಿ. ಅಡುಗೆಮನೆಯಿಂದ ತಂದ ಚಮಚ ಮರಳಿ ಅಡುಗೆಮನೆಗೆ ಹೋಗಕೂಡದು.

ತೇವಮಾಪಕ 60ಕ್ಕಿಂತ ಕೆಳಗೆ ತೋರಿಸಬೇಕು. ಅಚ್ಚನ್ನು ಹೇರ್ ಡ್ರೈಯರ್‌ನಿಂದ ಕೈಗೆ ಬೆಚ್ಚಗೆ ತಾಕುವಷ್ಟು ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿ, ತಿರುವಿ ಹಾಕಿ ಕೊಡವಿ. ಈ ಪುಡಿಯಿಂದ ರೆಸಿನ್ ಸಣ್ಣ ಬಿರುಕುಗಳಿಗೂ ಇಳಿಯುತ್ತದೆ. ಚಹಾದ ಕಾಗದದ ಕಪ್, ಐಸ್‌ಕ್ರೀಮ್ ಕಡ್ಡಿ ಎರಡೂ ಬೇಡ, ಅವುಗಳ ಹೊಟ್ಟೆಯಲ್ಲೇ ತೇವ ಇರುತ್ತದೆ. ಪ್ಲಾಸ್ಟಿಕ್ ಕಪ್, ಸ್ಟೀಲ್ ಚಮಚ ಇರಲಿ.

ಹತ್ತು ಬೇಸಿಗೆ 25 ಮಿ.ಲೀ.; 30 ಕಲಸಿ. ಅಳತೆ 1:1 ಎಂದಿದ್ದರೆ ಅದು ಗಾತ್ರದ್ದೋ ತೂಕದ್ದೋ ಓದಿ. ಎರಡರ ಸಾಂದ್ರತೆ ಬೇರೆಯಾದ್ದರಿಂದ ಗಾತ್ರದಲ್ಲಿ ಸಮವಾದದ್ದು ತೂಕದಲ್ಲಿ 100:90 ಆಗುವುದುಂಟು. ಬೇಗ ಗಟ್ಟಿಯಾಗುವ ಬಗೆಯಲ್ಲಿ ಕೈಗೆ ಸಿಗುವ ಸಮಯ ಮೂರು ನಿಮಿಷ, ಸೆಕೆಯಲ್ಲಿ ಇನ್ನೂ ಕಡಿಮೆ. ಒಂದೊಂದರಿಂದ 15 ಮಿ.ಲೀ. ಬೇರೆ ಬೇರೆ ಸಿರಿಂಜಿನಲ್ಲಿ ತೆಗೆದು, 40 ಸೆಕೆಂಡು ಬದಿ ಕೆರೆಯುತ್ತ ಕಲಸಿ, ಪ್ರತಿ ಗುಳಿಯ ಒಂದು ಮೂಲೆಯಿಂದ ಸುರಿಯಿರಿ. ಹದ ನೀರುದೋಸೆ ಹಿಟ್ಟಿನಷ್ಟೇ ತೆಳು, ತಾನೇ ಹರಡುತ್ತದೆ. ಮೂಲೆಗಳಲ್ಲಿ ಹಲ್ಲುಕಡ್ಡಿ ಆಡಿಸಿ ಗುಳ್ಳೆ ಎಬ್ಬಿಸಿ. ರೆಸಿನ್ ಬಿಳಿಚುವ ಮೊದಲೇ ಒಂದು ಪಾರದರ್ಶಕ ಓಎಚ್‌ಪಿ ಹಾಳೆಯನ್ನು ಒಂದು ತುದಿಯಿಂದ ಜಾರಿಸಿ ಮುಚ್ಚಿ, ಮೇಲೆ ಗಾಜು ಇಡಿ, ಕೆಳಭಾಗ ಮಟ್ಟವಾಗಿ ಬರುತ್ತದೆ. ಡಬ್ಬಿಯ ಮೇಲೆ 10 ನಿಮಿಷ ಎಂದಿದ್ದರೂ ಬೇಸ್‌ಗೆ ಅರ್ಧ ಗಂಟೆ ಕೊಡಿ: ತೆಳು ವಸ್ತುವಿನಲ್ಲಿ ಶಾಖ ಕಡಿಮೆ ಹುಟ್ಟುವುದರಿಂದ ಗಟ್ಟಿಯಾಗುವುದು ನಿಧಾನ. ಅವಸರದಲ್ಲಿ ಬಿಡಿಸಿದ್ದು ಹಪ್ಪಳದಂತೆ ಸೊಟ್ಟಗಾಗುತ್ತದೆ. ಬಿಸಿ ನೀರಿನಲ್ಲಿ ಮುಳುಗಿಸಿ, ಮೇಜಿಗೆ ಒತ್ತಿ ಹಿಡಿದು, ತಣ್ಣೀರಿಗೆ ಹಾಕಿದರೆ ನೇರವಾಗುತ್ತದೆ. ಬಾಗಿದ ರೆಸಿನ್ ಕತ್ತಿಗೂ ಇದೇ ಮದ್ದು.

ಕೆಟ್ಟ ಬೇಸನ್ನು ಎಸೆಯುವ ಮೊದಲು ಓದಿ. ಮೂಲೆಯಲ್ಲಿ ಒಂದೇ ದೊಡ್ಡ ಗುಳ್ಳೆ ಇದ್ದರೆ ಸುರಿಯುವಾಗ ಗಾಳಿ ಸಿಕ್ಕಿದೆ. ಒಳಗೆಲ್ಲ ನೊರೆ ನೊರೆಯಾಗಿದ್ದರೆ ರೆಸಿನ್‌ಗೆ ತೇವ ಸೇರಿದೆ, ಡಬ್ಬಿಯೇ ಕೆಟ್ಟಿರಬಹುದು. ಅಚ್ಚಿಗೆ ತಾಗಿದ ಮೈಮೇಲೆ ಮಾತ್ರ ಸಣ್ಣ ತೂತುಗಳಿದ್ದರೆ ಅಚ್ಚು ಹಸಿ. ಒಂದು ಕಡೆ ಗಟ್ಟಿ, ಒಂದು ಕಡೆ ಜಿಗುಟು ಎಂದರೆ ಕಲಸಿದ್ದು ಸಾಲದು. ಎಲ್ಲ ಕಡೆ ರಬ್ಬರಿನಂತಿದ್ದರೆ ಅಳತೆ ತಪ್ಪಿದೆ.

ತೆಳ್ಳನೆಯ ಈಟಿ, ಮುಖ ಎರೆಯುವವರು 40 ಪಿಎಸ್‌ಐ ಒತ್ತಡದ ಪಾತ್ರೆಯಲ್ಲಿಟ್ಟು ಗುಳ್ಳೆಗಳನ್ನು ಕುಗ್ಗಿಸುತ್ತಾರೆ. ಬೇಸಿಗೆ ಅದು ಬೇಕಿಲ್ಲ. ಮನೆಯ ಕುಕ್ಕರ್‌ಗೆ ಕಂಪ್ರೆಸರ್ ಜೋಡಿಸುವ ಜಾಣತನವಂತೂ ಬೇಡವೇ ಬೇಡ, ಅದು ಕೆಲಸ ಮಾಡುವುದು 15 ಪಿಎಸ್‌ಐ ಆಸುಪಾಸಿನಲ್ಲಿ.

ಉಳಿದ ರೆಸಿನ್ ಕಪ್ಪಿನಲ್ಲೇ ಗಟ್ಟಿಯಾಗಲಿ, ನಂತರ ಒಣ ಕಸಕ್ಕೆ. ಸಿಂಕಿಗೆ ಸುರಿದರೆ ಕೊಳಾಯಿಯವನ ಜೊತೆ ಸೊಸೈಟಿ ಸೆಕ್ರೆಟರಿಯೂ ಬಾಗಿಲು ತಟ್ಟುತ್ತಾರೆ. ಡಬ್ಬಿಗಳ ಬಾಯಿ ಒರೆಸಿ ಬಿಗಿಯಾಗಿ ಮುಚ್ಚಿ, ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿಡಿ. ಫ್ರಿಜ್ ಬೇಡ, ಹೊರತೆಗೆದು ತೆರೆದ ಕೂಡಲೇ ಒಳಗೆ ನೀರು ಕೂರುತ್ತದೆ. ನೀರು ಸೇರಿದ ಐಸೊಸಯನೇಟ್ ಬಾಟಲಿಯನ್ನು ಬಿಗಿಯಾಗಿ ಮುಚ್ಚಿದರೆ ಅನಿಲ ತುಂಬಿ ಒಡೆಯಬಹುದು. ಸಿಗುವುದರಲ್ಲೇ ಚಿಕ್ಕ ಪ್ಯಾಕ್ ಕೊಂಡು ಅದೇ ಚಳಿಗಾಲದಲ್ಲಿ ಮುಗಿಸಿ.

ಬೇಸಿನ ತಳವನ್ನು 120ರ ವಾಟರ್ ಪೇಪರ್ ಮೇಲೆ ನೀರು ಹಾಕಿ ಉಜ್ಜಿ, ಒಣ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಸೋಪಿನಿಂದ ತೊಳೆದು ಒಣಗಿಸಿಯೇ ಪ್ರೈಮರ್, ಟಾಲ್ಕಂ ಉಳಿದರೆ ಬಣ್ಣ ಸಿಪ್ಪೆ ಏಳುತ್ತದೆ. ಮಳೆಗಾಲದಲ್ಲಿ ಸ್ಪ್ರೇ ಪ್ರೈಮರ್ ಬಿಳಿ ಬೂದಿ ಬಳಿದಂತಾಗುವುದರಿಂದ ಬ್ರಷ್‌ನಲ್ಲಿ ಹಚ್ಚುವ ಪ್ರೈಮರ್ ಇಟ್ಟುಕೊಳ್ಳಿ.

ಐದರ ನಾಲ್ಕು ಸಾಲಿಗೆ, ಇಡೀ ಪಡೆಯನ್ನು ಒಟ್ಟಿಗೆ ಸರಿಸುವ ಟ್ರೇಯ ಒಳ ಅಳತೆ 125×100 ಮಿ.ಮೀ. ಸಿಲಿಕೋನ್, ರೆಸಿನ್ ಎರಡೂ ತುಸು ಕುಗ್ಗುವುದರಿಂದ ಬಣ್ಣದ ದಪ್ಪ ಸೇರಿದರೂ ಸಾಮಾನ್ಯವಾಗಿ ಹಿಡಿಸುತ್ತದೆ. ಟ್ರೇಯ ತಳಕ್ಕೆ ತೆಳು ಕಬ್ಬಿಣದ ತಗಡು ಅಂಟಿಸಿ. ಬೇಸಿನಡಿ 5 ಮಿ.ಮೀ. ಡ್ರಿಲ್‌ನಿಂದ 2 ಮಿ.ಮೀ. ಆಳ ಕೊರೆದು 5×2ರ ಅಯಸ್ಕಾಂತ ಕೂರಿಸಿ. ಇಪ್ಪತ್ತರಲ್ಲೂ ಒಂದೇ ಧ್ರುವ ಕೆಳಗಿರಲಿ, ಅದಕ್ಕಾಗಿ ಅಯಸ್ಕಾಂತಗಳ ಸರವನ್ನು ಬಿಡಿಸುವ ಮೊದಲೇ ಒಂದು ತುದಿಗೆ ಮಾರ್ಕರ್ ಹಚ್ಚಿ, ಪ್ರತಿಯೊಂದನ್ನೂ ಆ ತುದಿಯಿಂದಲೇ ತೆಗೆಯುತ್ತ ಉಳಿದ ಸರಕ್ಕೆ ಮತ್ತೆ ಗುರುತು ಹಾಕಿ.