ಗೆಣಸು ಬೆಳೆದ ಕೈಗೆ ಆರ್ಕಿಡ್ ಒಗ್ಗಿದ್ದು

ನನ್ನ ಮೊದಲ ಆರ್ಕಿಡ್ ಸತ್ತದ್ದು ಅತಿಯಾದ ಉಪಚಾರದಿಂದ. ಆ ಹೊತ್ತಿಗೆ ನಾನು ಐದಾರು ವರ್ಷದಿಂದ ಸಿಹಿಗೆಣಸು ಬೆಳೆಯುತ್ತಿದ್ದೆ. ಬಳ್ಳಿಯ ತುಂಡನ್ನು ಎರಡು ಮೂರು ಗೆಣ್ಣು ಮುಚ್ಚುವಂತೆ ಮಣ್ಣಿಗೆ ಊರಿದರೆ ವಾರದೊಳಗೆ ಬೇರು ಹಿಡಿದು ಹಬ್ಬುವ ಗಿಡ ಅದು. ಅದನ್ನು ಸಾಕಿದವನಿಗೆ ಯಾವ ಗಿಡವಾದರೂ ಬದುಕಿಸಿಯೇನು ಎಂಬ ಹುಂಬ ಧೈರ್ಯ ಬಂದುಬಿಡುತ್ತದೆ.

ಉಡುಗೊರೆಯಾಗಿ ಬಂದ ಫಲನಾಪ್ಸಿಸ್ ಆರ್ಕಿಡ್‌ನ ಕುಂಡ ನೋಡಿದರೆ ಒಳಗೆ ಬರೀ ಮರದ ತೊಗಟೆ ಚೂರು. ಪಾಪ, ಒಂದು ಹಿಡಿ ಮಣ್ಣೂ ಇಲ್ಲವಲ್ಲ ಎಂದು ಮರುಗಿ, ಗೆಣಸಿನ ಮಡಿಯಿಂದಲೇ ಒಳ್ಳೆಯ ಮಣ್ಣು ತಂದು ತುಂಬಿದೆ. ದಿನವೂ ನೀರು ಹಾಕಿದೆ. ತಿಂಗಳು ಕಳೆಯುವಷ್ಟರಲ್ಲಿ ಎಲೆಗಳು ಸುಕ್ಕುಗಟ್ಟಿ ಜೋತುಬಿದ್ದವು. ಬಾಯಾರಿಕೆ ಇರಬೇಕು ಅಂದುಕೊಂಡು ಇನ್ನೊಂದು ಚೊಂಬು ಹೆಚ್ಚು ಹಾಕಿದೆ. ಕೊನೆಗೆ ಕಿತ್ತು ನೋಡಿದಾಗ ಬೇರುಗಳೆಲ್ಲ ಕಂದಾಗಿ ಟೊಳ್ಳಾಗಿದ್ದವು. ಎಳೆದರೆ ಮೇಲಿನ ಸಿಪ್ಪೆ ಕೈಗೆ ಬಂತು, ಒಳಗೆ ದಾರದಂಥ ಎಳೆ ಮಾತ್ರ ಉಳಿಯಿತು. ನೀರಿನಲ್ಲಿ ನಿಂತೇ ಆ ಗಿಡ ನೀರಿಲ್ಲದೆ ಸತ್ತಿತ್ತು. ಕುಡಿಯಲು ಬೇರೇ ಉಳಿದಿರಲಿಲ್ಲ.

ಆಮೇಲೆ ಓದಿ ತಿಳಿದದ್ದು: ಫಲನಾಪ್ಸಿಸ್ ಕಾಡಿನಲ್ಲಿ ಮರದ ಕೊಂಬೆ ಅಪ್ಪಿಕೊಂಡು ಬೆಳೆಯುವ ಗಿಡ. ಮರದ ರಸ ಹೀರುವುದಿಲ್ಲ, ಜಾಗ ಮಾತ್ರ ಪಡೆಯುತ್ತದೆ. ಮಳೆ ಬಂದಾಗ ನೆನೆದು, ಗಾಳಿಗೆ ಒಣಗುವುದೇ ಅದರ ಬೇರಿನ ದಿನಚರಿ. ಅದಕ್ಕಾಗಿ ಬೇರಿನ ಮೇಲೆ ವೆಲಮೆನ್ ಎಂಬ ಸ್ಪಂಜಿನಂಥ ಹೊದಿಕೆ ಇರುತ್ತದೆ. ಒಣಗಿದಾಗ ಅದು ಬೆಳ್ಳಿಯ ಬಣ್ಣ. ನೀರು ಹೀರಿದಾಗ ಒಳಗಿನ ಹಸಿರು ಕಾಣುತ್ತದೆ. ಹೌದು, ಈ ಬೇರಿನಲ್ಲಿ ಪತ್ರಹರಿತ್ತೂ ಇದೆ.

ಎರಡನೆಯ ಆರ್ಕಿಡ್ ತಂದಾಗ ಪಾರದರ್ಶಕ ಕುಂಡದಲ್ಲೇ ನೆಟ್ಟೆ. ಈಗ ನನಗೆ ವಾರದ ಲೆಕ್ಕ ಬೇಡ. ಬೇರು ಬೆಳ್ಳಗಾದರೆ ನೀರು, ಹಸಿರಾಗಿದ್ದರೆ ಸುಮ್ಮನಿರುವುದು. ಸೆಕೆಯಲ್ಲಿ ಐದಾರು ದಿನಕ್ಕೊಮ್ಮೆ, ತಂಪು ದಿನಗಳಲ್ಲಿ ಹತ್ತು ದಿನಕ್ಕೊಮ್ಮೆ ಬೀಳುತ್ತದೆ. ಕುಂಡದಿಂದ ನೀರು ಇಳಿದು ಹೋಗುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡುತ್ತೇನೆ. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಬಟ್ಟೆಯ ತುದಿಯಿಂದ ಒರೆಸುತ್ತೇನೆ. ಈ ಗಿಡಕ್ಕೆ ಬೆಳೆಯುವ ಸುಳಿ ಒಂದೇ. ಅದು ಕೊಳೆತರೆ ಸಾಮಾನ್ಯವಾಗಿ ಕಥೆ ಮುಗಿದಂತೆ. ಗೆಣಸಿಗೆ ಈ ಭಯವಿಲ್ಲ, ಒಂದು ಕುಡಿ ಮುರಿದರೆ ನಾಲ್ಕು ಚಿಗುರುತ್ತವೆ.

ತಮಾಷೆಯೆಂದರೆ, ಆರ್ಕಿಡ್ ಕೈಗೆ ಹತ್ತಿದ ವರ್ಷವೇ ಗೆಣಸು ಕೆಟ್ಟಿತು. ಆರ್ಕಿಡ್‌ಗೆ ತೆಳ್ಳಗೆ ಕದಡಿದ ಗೊಬ್ಬರದ ನೀರನ್ನು ಆಗಾಗ ಕೊಡುವುದು ರೂಢಿಯಾಗಿತ್ತು. ಉಳಿದದ್ದನ್ನು ಚೆಲ್ಲುವುದೇಕೆ ಎಂದು ಗೆಣಸಿನ ಮಡಿಗೆ ಸುರಿಯುತ್ತಾ ಹೋದೆ. ಅಲ್ಲಿ ಮೊದಲೇ ಕೊಟ್ಟಿಗೆ ಗೊಬ್ಬರ ಧಾರಾಳವಾಗಿತ್ತು. ಬಳ್ಳಿ ಮಡಿ ದಾಟಿ ಕಾಲುದಾರಿಗೆ ಬಂತು, ಎಲೆ ಅಂಗೈ ಅಗಲ. ನೋಡಿದವರೆಲ್ಲ ಹೊಗಳಿದರು. ಅಗೆದಾಗ ಸಿಕ್ಕಿದ್ದು ಬೆರಳು ಗಾತ್ರದ ನಾರುಬೇರು. ಸಾರಜನಕ ಹೆಚ್ಚಾದರೆ ಗೆಣಸು ಎಲೆಗೇ ದುಡಿಯುತ್ತದೆ, ಗೆಡ್ಡೆಗೆ ಏನನ್ನೂ ಉಳಿಸುವುದಿಲ್ಲ. ಈಗ ನಾಟಿಗೆ ಮೊದಲು ಕಳಿತ ಗೊಬ್ಬರ ಹಿತಮಿತವಾಗಿ, ಜೊತೆಗೆ ಪೊಟ್ಯಾಷ್‌ಗೆಂದು ಒಂದಿಷ್ಟು ಕಟ್ಟಿಗೆ ಬೂದಿ. ಆಮೇಲೆ ಕೈ ಕಟ್ಟಿಕೊಂಡು ಕೂರುತ್ತೇನೆ.

ಬೇರು ನೋಡುವ ಚಟವೂ ಆರ್ಕಿಡ್‌ನಿಂದಲೇ ಅಂಟಿದ್ದು. ಎರಡು ತಿಂಗಳಾದಾಗ ಗೆಡ್ಡೆ ಕಟ್ಟಿದೆಯೇ ಎಂದು ಬುಡ ಕೆದಕಿ ನೋಡಿದೆ. ಬಳಿಕ ಮಣ್ಣು ಸರಿಯಾಗಿ ಮುಚ್ಚದೆ ಬಿರುಕು ಉಳಿಯಿತು. ಗೆಣಸಿನ ಮೂತಿಹುಳಕ್ಕೆ ಅಷ್ಟೇ ಸಾಕು. ಬಿರುಕಿನ ಮೂಲಕ ಇಳಿದು ಗೆಡ್ಡೆಯಲ್ಲಿ ಮೊಟ್ಟೆಯಿಟ್ಟಿತು. ಹುಳ ಕೊರೆದ ಗೆಡ್ಡೆ ಕಹಿ, ನಾಯಿಯೂ ಮೂಸದು. ಹಾಗಾಗಿ ಈಗ ಒಂದೂವರೆ ತಿಂಗಳಿಗೊಮ್ಮೆ ಬುಡಕ್ಕೆ ಮಣ್ಣು ಏರಿಸುತ್ತೇನೆ, ಮಡಿ ಒಣಗಿ ಬಿರಿಯದಂತೆ ತೇವ ಕಾಯುತ್ತೇನೆ. ಒಳಗೆ ಏನಾಗುತ್ತಿದೆ ಎಂದು ಕೇಳಲು ಹೋಗುವುದಿಲ್ಲ.

ಎಲೆ ಬಾಡುವುದರ ಅರ್ಥವೂ ಎರಡರಲ್ಲಿ ಬೇರೆ ಬೇರೆ. ಮಟಮಟ ಮಧ್ಯಾಹ್ನ ಗೆಣಸಿನ ಎಲೆ ಸೊರಗಿದರೆ ನಾನು ಕದಲುವುದಿಲ್ಲ. ಸಂಜೆಗೆ ತಾನಾಗಿ ನೆಟ್ಟಗಾಗುತ್ತದೆ. ಆಗಲಿಲ್ಲವೋ, ಆಗ ನೀರು. ಆರ್ಕಿಡ್‌ನ ದಪ್ಪ ಎಲೆ ಒಂದು ದಿನದಲ್ಲಿ ಬಾಡುವುದಿಲ್ಲ. ಅದು ಸುಕ್ಕಾಗುವ ಹೊತ್ತಿಗೆ ತೊಂದರೆ ಶುರುವಾಗಿ ವಾರಗಳೇ ಆಗಿರುತ್ತವೆ. ನೀರು ಕಮ್ಮಿಯಾದರೂ ಅದೇ ಸುಕ್ಕು, ಹೆಚ್ಚಾಗಿ ಬೇರು ಕೊಳೆತರೂ ಅದೇ ಸುಕ್ಕು. ಬೇರು ನೋಡದೆ ನಿರ್ಧರಿಸುವಂತಿಲ್ಲ.

ಇನ್ನು ದಾರಿ ತಪ್ಪಿದ ಬೇರುಗಳ ವಿಷಯ. ಗೆಣಸಿನ ಬಳ್ಳಿ ನೆಲ ಮುಟ್ಟಿದಲ್ಲೆಲ್ಲ ಗೆಣ್ಣಿನಲ್ಲಿ ಬೇರು ಬಿಡುತ್ತದೆ. ಬಿಟ್ಟರೆ ಅಲ್ಲಲ್ಲಿ ಸಣ್ಣ ಗೆಡ್ಡೆ ಕಟ್ಟಿ ಬುಡದ ಗೆಡ್ಡೆ ಸೊರಗುತ್ತದೆ. ಹಾಗಾಗಿ ಆಗೊಮ್ಮೆ ಈಗೊಮ್ಮೆ ಬಳ್ಳಿ ಎತ್ತಿ ಆ ಬೇರು ಬಿಡಿಸಿ ಅಲ್ಲೇ ಮಲಗಿಸುತ್ತೇನೆ. ಆರ್ಕಿಡ್ ಕುಂಡದ ಹೊರಗೆ ಬೇರು ಚಾಚಿದರೆ ಅದಕ್ಕೆ ಕೈ ಹಚ್ಚಬಾರದು. ಚಂದವಿಲ್ಲ ಎಂದು ಒಳಗೆ ತುರುಕಲು ಹೋಗಿ ಎರಡು ಬೇರು ಪಟ್ಟನೆ ಮುರಿದುಕೊಂಡಿದ್ದೇನೆ.

ಬೆಳಕಿನ ವಿಷಯದಲ್ಲಿ ಹೇಳುವುದು ಕಡಿಮೆ: ಗೆಣಸಿಗೆ ಬಟಾಬಯಲ ಬಿಸಿಲು, ಆರ್ಕಿಡ್‌ಗೆ ತೆಳು ಪರದೆಯಿಂದ ಸೋಸಿ ಬಂದ ಬೆಳಕು.

ಫಲ ಕೊಡುವ ಹೊತ್ತಿಗೆ ಎರಡೂ ಶಾಖದ ಲೆಕ್ಕ ಕೇಳುತ್ತವೆ. ನಾಲ್ಕು ತಿಂಗಳಿಗೆ ಗೆಣಸು ಅಗೆದಾಗ ಸಿಪ್ಪೆ ಉಗುರು ತಾಗಿದರೂ ಸುಲಿಯುವಷ್ಟು ಎಳಸು. ಸುಮಾರು 30 ಡಿಗ್ರಿ ಬೆಚ್ಚಗಿರುವ ತೇವದ ಜಾಗದಲ್ಲಿ ಒಂದು ವಾರ ಇಟ್ಟರೆ ಗಾಯ ಮಾಗಿ ಸಿಪ್ಪೆ ಗಟ್ಟಿಯಾಗುತ್ತದೆ. ಬೇಯಿಸಿದಾಗ ಸಿಹಿಯೂ ಹೆಚ್ಚು. ಫ್ರಿಜ್‌ನಲ್ಲಿಟ್ಟರೆ ನಡುಭಾಗ ಬೆಂದರೂ ಗಟ್ಟಿಯಾಗಿ ಉಳಿಯುತ್ತದೆ. ಆರ್ಕಿಡ್‌ಗೆ ಬೇಕಾದದ್ದು ತಂಪು. ರಾತ್ರಿಯ ಶಾಖ ಕೆಲವು ವಾರ 16ರಿಂದ 18 ಡಿಗ್ರಿಯ ಆಸುಪಾಸಿಗೆ ಇಳಿದರೆ ಎಲೆಯ ಬುಡದಿಂದ ಹೂದಂಟು ಇಣುಕುತ್ತದೆ. ವರ್ಷಪೂರ್ತಿ ಬೆಚ್ಚಗಿಟ್ಟು ಎರಡು ವರ್ಷ ಬರೀ ಎಲೆ ನೋಡಿದವನು ನಾನು. ಕಿಟಕಿಯ ಹತ್ತಿರ ಸರಿಸಿದ ಮೇಲೆ ದಂಟು ಬಂತು.

ಅಲ್ಲೂ ಒಂದು ಎಡವಟ್ಟು. ದಂಟು ಬೆಳಕಿನತ್ತ ವಾಲುತ್ತದೆಂದು ಕುಂಡವನ್ನು ತಿರುಗಿಸಿಟ್ಟೆ. ಅದು ಮತ್ತೆ ಬೆಳಕು ಹುಡುಕಿ ಹೊರಳಿ, ಕೊಕ್ಕೆಯ ಹಾಗೆ ಡೊಂಕಾಯಿತು. ಹೂವು ಎರಡೂವರೆ ತಿಂಗಳು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದವು. ಈ ಸಲ ಕುಂಡದ ಮೇಲೆ ಸುಣ್ಣದಲ್ಲಿ ಗುರುತು ಹಾಕಿದ್ದೇನೆ. ನೀರು ಹಾಕಿ ವಾಪಸ್ ಇಡುವಾಗ ಆ ಗುರುತು ಕಿಟಕಿಯ ಕಡೆಗೇ.